ತುರುಬಿಗೆ ಯಾವುದು ಸರಿ: ಬಟ್ಟೆ ಸ್ಕ್ರಂಚಿಯೋ, ಕಾಲುಚೀಲದ ರಿಂಗೋ, ಬಿದಿರು ಕಡ್ಡಿಯೋ?

ಮನೆಯಲ್ಲೇ ಮಾಡಿಕೊಂಡ ಸಾಮಾನಿನಿಂದ ತುರುಬು ನಿಲ್ಲಿಸಲು ಮೂರು ಸುಲಭ ದಾರಿಗಳಿವೆ. ಮೂರನ್ನೂ ಎಣ್ಣೆ ಹಚ್ಚಿದ ಕೂದಲಿಗೂ, ತಲೆಸ್ನಾನ ಮಾಡಿ ಒಣಗಿಸಿದ ಕೂದಲಿಗೂ ಹಾಕಿ ನೋಡಿದರೆ ಬಿಗಿಯಾಗಿ ಕಟ್ಟಿದಷ್ಟೂ ತುರುಬು ಗಟ್ಟಿ ನಿಲ್ಲುತ್ತದೆ ಎಂಬುದು ಸುಳ್ಳೆಂದು ಗೊತ್ತಾಗುತ್ತದೆ. ಕಟ್ಟುವ ವಸ್ತುವಿನ ಮೈ ಎಷ್ಟು ಒರಟು, ಕೂದಲು ಎಷ್ಟು ನುಣುಪು ಎಂಬುದೇ ಮುಖ್ಯ. ದಿನವೂ ಬಿಗಿದು ಎಳೆದು ಕಟ್ಟಿದರೆ ಹಣೆಯಂಚಿನ ಕೂದಲು ತೆಳುವಾಗುತ್ತದೆ, ಅಷ್ಟೇ.

ಮೊದಲು ಸ್ಕ್ರಂಚಿ, ಅಂದರೆ ಒಳಗೆ ಎಲಾಸ್ಟಿಕ್ ಪೋಣಿಸಿದ ನೆರಿಗೆ ಬಟ್ಟೆಯ ಬಳೆ. 50 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಬಟ್ಟೆ, 6 ಮಿ.ಮೀ. ಅಗಲದ ಎಲಾಸ್ಟಿಕ್ 18 ಸೆಂ.ಮೀ. ಸಾಕು. ಮ್ಯಾಚಿಂಗ್ ಸೆಂಟರ್‌ನಲ್ಲಿ ಒಂದು ಮೀಟರ್ ಎಲಾಸ್ಟಿಕ್ ತಂದರೆ ಐದು ಆಗುತ್ತವೆ. ಕೂದಲು ತೆಳುವಿದ್ದರೆ ಎಲಾಸ್ಟಿಕ್ 16 ಸೆಂ.ಮೀ.ಗೆ ಇಳಿಸಿ, ದಟ್ಟವಿದ್ದರೆ 21ಕ್ಕೆ ಏರಿಸಿ. ಬಟ್ಟೆಯ ಹೊರಮೈ ಒಳಗೆ ಬರುವಂತೆ ಉದ್ದಕ್ಕೆ ಮಡಚಿ, ಅಂಚಿನಿಂದ ಮುಕ್ಕಾಲು ಸೆಂ.ಮೀ. ಬಿಟ್ಟು ಹೊಲಿದು, ಸೇಫ್ಟಿ ಪಿನ್ ಸಿಕ್ಕಿಸಿ ಒಳಗಿನದನ್ನು ಹೊರಕ್ಕೆ ಮಗುಚಿ. ಅದೇ ಪಿನ್ನಿನಿಂದ ಎಲಾಸ್ಟಿಕ್ ಪೋಣಿಸಿ. ಅದರ ಇನ್ನೊಂದು ತುದಿಗೂ ಒಂದು ಪಿನ್ ಹಾಕಿ ಬಟ್ಟೆಗೆ ಕಚ್ಚಿಸಿರಬೇಕು, ಇಲ್ಲವಾದರೆ ಅದು ಒಳಗೆ ಜಾರಿಹೋಗಿ ಕೆಲಸ ಮತ್ತೆ ಮೊದಲಿಂದ ಶುರು. ಎಲಾಸ್ಟಿಕ್ ತುದಿಗಳನ್ನು ಗಂಟು ಹಾಕುವುದಕ್ಕಿಂತ 1 ಸೆಂ.ಮೀ. ಒಂದರ ಮೇಲೊಂದಿಟ್ಟು ಹೊಲಿಯುವುದು ಒಳ್ಳೆಯದು. ಗಂಟು ತಲೆಗೆ ಒತ್ತುತ್ತದೆ, ಎಳೆದಾಗ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಬಟ್ಟೆಯ ಒಂದು ತುದಿಯನ್ನು ಒಳಕ್ಕೆ ಮಡಚಿ, ಇನ್ನೊಂದನ್ನು ಅದರೊಳಗೆ ತೂರಿಸಿ, ಕೈಯಲ್ಲಿ ಮುಚ್ಚಿ ಹೊಲಿಯಿರಿ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುವುದು ಬಟ್ಟೆ. ಹಳೇ ಕಾಟನ್ ಸೀರೆಯ ತುಂಡು ಎಣ್ಣೆ ಕೂದಲಿಗೆ ಬಹಳ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಎಷ್ಟೋ ಸಲ ಒಗೆದು ಮೆತ್ತಗಾಗಿರುವುದರಿಂದ ಕೂದಲು ಕೀಳುವುದೂ ಇಲ್ಲ. ಹೊಸ ಕಾಟನ್ ಆದರೆ ಕತ್ತರಿಸುವ ಮೊದಲೇ ಒಗೆದು ಒಣಗಿಸಿ, ಕುಗ್ಗುವುದೆಲ್ಲ ಆಗಲೇ ಕುಗ್ಗಿಬಿಡಲಿ. ಕಾಟನ್‌ನ ತೊಂದರೆಯೆಂದರೆ ಎಣ್ಣೆ ಹೀರುವುದು. ವಾರಕ್ಕೊಮ್ಮೆ ಸೋಪಿನ ಬಿಸಿನೀರಿನಲ್ಲಿ ಒಗೆಯದಿದ್ದರೆ ಕಮಟು ವಾಸನೆ ಬರುತ್ತದೆ. ಸ್ಯಾಟಿನ್ ಗುಂಗುರು ಕೂದಲಿಗೆ ಹೇಳಿ ಮಾಡಿಸಿದ್ದು, ಸಿಕ್ಕಾಗುವುದಿಲ್ಲ, ಬಿಚ್ಚುವಾಗ ಎಳೆಯುವುದಿಲ್ಲ. ನೇರ ಕೂದಲಿಗೆ ಮಾತ್ರ ಅದು ಬೇಡ, ನೋಡನೋಡುತ್ತಲೇ ಜಾರಿ ಬೆನ್ನಿಗಿಳಿಯುತ್ತದೆ. ಪಾಲಿಯೆಸ್ಟರ್ ಸ್ಯಾಟಿನ್ ಎಳೆ ಬಿಡುವುದನ್ನು ತಡೆಯಲು ಅಂಚನ್ನು ಮೇಣದಬತ್ತಿಯ ಉರಿಯ ಹತ್ತಿರ ಹಿಡಿದರೆ ಕರಗಿ ಮುಚ್ಚಿಕೊಳ್ಳುತ್ತದೆ. ಕಾಟನ್ನಿಗೂ ರೇಷ್ಮೆಗೂ ಇದನ್ನು ಮಾಡಬೇಡಿ, ಅವು ಕರಗದೆ ಸುಡುತ್ತವೆ. ರೇಷ್ಮೆ ರವಿಕೆಯ ಉಳಿಕೆ ತುಂಡು ಹಿಡಿತದಲ್ಲೂ ನುಣುಪಿನಲ್ಲೂ ಇವೆರಡರ ನಡುವೆ ನಿಲ್ಲುತ್ತದೆ, ನೋಡಲಂತೂ ಚೆಂದ. ಆದರೆ ಜರಿ ಅಂಚನ್ನು ತೆಗೆದೇ ಹೊಲಿಯಬೇಕು. ಬಿಟ್ಟ ಜರಿ ಎಳೆಗೆ ಕೂದಲು ಸಿಕ್ಕಿಕೊಂಡರೆ ಕಿತ್ತೇ ಬರುತ್ತದೆ.

ಕಾಲುಚೀಲದ ರಿಂಗಿಗೆ ಸೂಜಿದಾರವೂ ಬೇಡ. ಮೀನಖಂಡದವರೆಗೆ ಬರುವ, ಕೂದಲಿನ ಬಣ್ಣದ ಒಂಟಿ ಕಾಲುಚೀಲದ ಬೆರಳಿನ ಭಾಗ ಕತ್ತರಿಸಿ, ಆ ತುದಿಯಿಂದಲೇ ಹೊರಕ್ಕೆ ಸುರುಳಿ ಸುತ್ತುತ್ತ ಹೋದರೆ ರಿಂಗು ಸಿದ್ಧ. ಗಿಡ್ಡ ಕಾಲುಚೀಲದಲ್ಲಿ ಮಾಡಿದರೆ ಬಳೆಯಷ್ಟು ತೆಳ್ಳಗಾಗಿ ತುರುಬೇ ತುಂಬುವುದಿಲ್ಲ. ಜುಟ್ಟು ಕಟ್ಟಿ, ಅದನ್ನು ರಿಂಗಿನೊಳಗೆ ತೂರಿಸಿ, ತುದಿಯಲ್ಲಿ 3–4 ಸೆಂ.ಮೀ. ಉಳಿಯುವ ಕಡೆ ನಿಲ್ಲಿಸಿ. ತುದಿಗೂದಲನ್ನು ರಿಂಗಿನ ಸುತ್ತ ಹರಡಿ, ಒಳಕ್ಕೆ ಮಡಚಿ, ತಲೆಯ ಕಡೆಗೆ ಸುರುಳಿ ಸುತ್ತುತ್ತ ಬನ್ನಿ. ಅರ್ಧ ದಾರಿಯಲ್ಲಿ ಕೂದಲು ಒಂದೇ ಕಡೆ ಗುಂಪಾದರೆ ಕಾಲುಚೀಲ ಇಣುಕುತ್ತದೆ. ಆದ್ದರಿಂದ ಎರಡು ಸುತ್ತಿಗೊಮ್ಮೆ ಬೆರಳಿನಿಂದ ಹರಡಿಕೊಳ್ಳಬೇಕು. ಲೇಯರ್ ಕಟ್ ಇರುವವರಿಗೆ ಈ ದಾರಿ ಕಷ್ಟ, ಗಿಡ್ಡ ಎಳೆಗಳು ಮುಳ್ಳಿನಂತೆ ಎದ್ದು ನಿಲ್ಲುತ್ತವೆ.

ಆದರೂ ಮದುವೆ ಮುಂಜಿಗೆ ನನ್ನ ಆಯ್ಕೆ ಇದೇ, ಕಾರಣ ಹೂವು. ಸುಮಾರು 9 ಸೆಂ.ಮೀ. ಅಗಲದ ತುರುಬಿಗೆ ಒಂದು ಮೊಳ ಮಲ್ಲಿಗೆ ಒಂದೂವರೆ ಸುತ್ತು ಬರುತ್ತದೆ. ಯು ಪಿನ್ ಹೂವಿಗೆ ಚುಚ್ಚದೆ, ದಾರವನ್ನು (ಉಡುಪಿ ಮಲ್ಲಿಗೆಯಾದರೆ ಬಾಳೆನಾರನ್ನು) ಹಿಡಿದು ರಿಂಗಿನೊಳಕ್ಕೆ ಇಳಿಯಬೇಕು. ಕಾಲುಚೀಲದ ಹೆಣಿಗೆ ಪಿನ್ನನ್ನು ಕಚ್ಚಿಕೊಳ್ಳುವುದರಿಂದ ನಾಲ್ಕೈದು ಪಿನ್ನಿಗೆ ದಂಡೆ ಅಲ್ಲಾಡುವುದಿಲ್ಲ. ಸ್ಕ್ರಂಚಿ ತುರುಬಿನಲ್ಲಿ ಇಷ್ಟೇ ಹೂವಿಗೆ ಹೆಚ್ಚು ಪಿನ್ ಬೇಕು, ಕಡ್ಡಿ ತುರುಬಿನಲ್ಲಿ ಹೂವಿನ ಭಾರಕ್ಕೆ ಸುತ್ತೇ ಸಡಿಲವಾಗುತ್ತದೆ.

ಬಿದಿರು ಕಡ್ಡಿಗೆ ಊಟದ ಚಾಪ್‌ಸ್ಟಿಕ್ ಸಾಕು. 17 ಸೆಂ.ಮೀ.ಗೆ ಕತ್ತರಿಸಿ, ಒಂದು ತುದಿಯನ್ನು ಮೊಂಡಾಗಿ ಸಣ್ಣ ಮಾಡಿ, 120, 240, 400 ನಂಬರಿನ ಉಪ್ಪು ಕಾಗದಗಳಿಂದ ಅದೇ ಕ್ರಮದಲ್ಲಿ ಉಜ್ಜಿ. ಒದ್ದೆ ಬಟ್ಟೆಯಿಂದ ಒರೆಸಿದಾಗ ನಾರು ಮತ್ತೆ ಏಳುತ್ತದೆ. ಒಣಗಿದ ಮೇಲೆ 400ರಲ್ಲಿ ಇನ್ನೊಮ್ಮೆ ಉಜ್ಜಿ, ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಪದರ ಬಳಿಯಿರಿ. ನೈಲಾನ್ ದುಪಟ್ಟಾದ ಮೇಲೆ ಎಳೆದು ನೋಡಿ. ಅದಕ್ಕೆ ಸಿಕ್ಕಿಕೊಂಡರೆ ಕೂದಲಿಗೂ ಸಿಕ್ಕಿಕೊಳ್ಳುತ್ತದೆ.

ಹಾಕುವ ಕ್ರಮದಲ್ಲೇ ಹೆಚ್ಚಿನವರು ಎಡವುವುದು. ತುರುಬಿನ ನಡುವೆ ಸುಮ್ಮನೆ ಚುಚ್ಚಿದರೆ ಕಡ್ಡಿ ಒಂದು ತಾಸೂ ನಿಲ್ಲದು. ಕೂದಲು ತಿರುಚಿ ಸುತ್ತಿದ ಮೇಲೆ ಕಡ್ಡಿಯ ತುದಿ ತುರುಬಿನಿಂದ ಆಚೆಗೆ ಮುಖ ಮಾಡಿರಲಿ. ಹೊರಸುತ್ತಿನ ಒಂದಿಷ್ಟು ಕೂದಲನ್ನೂ ಅದರ ಪಕ್ಕದ ತಲೆಗೂದಲನ್ನೂ ಒಟ್ಟಿಗೆ ಎತ್ತಿಕೊಂಡು, ಕಡ್ಡಿಯನ್ನು ಪೂರ್ತಿ ಮಗುಚಿ, ತಲೆಗೆ ಒತ್ತಿಕೊಂಡಂತೆ ತುರುಬಿನಡಿ ತೂರಿಸಿ ಎದುರು ಬದಿಯಲ್ಲಿ ಹೊರತನ್ನಿ. ಮಗುಚಿದಾಗ ಬುಡದಲ್ಲಿ ಬೀಳುವ ಆ ಸೆಳೆತವೇ ತುರುಬನ್ನು ಹಿಡಿಯುತ್ತದೆ. ದಟ್ಟ, ಉದ್ದ, ಎಣ್ಣೆ ಕಡಿಮೆಯಿರುವ ಕೂದಲಿಗೆ ತಲೆಗೆ ಹಗುರವಾಗಿ ಕೂರುವುದು ಇದೊಂದೇ.

ಸ್ಕೂಟರ್ ಓಡಿಸುವವರು ಹೆಲ್ಮೆಟ್ ಕೆಳಗೆ ಕಡ್ಡಿ ಇಟ್ಟುಕೊಳ್ಳಲೇಬಾರದು, ಬಿದ್ದರೆ ಚುಚ್ಚುತ್ತದೆ. ರಿಂಗಿನ ತುರುಬು ಇದ್ದರೆ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದೂ ಇಲ್ಲ. ಕತ್ತಿನ ಬಳಿ ಸಡಿಲವಾಗಿ ಜಡೆ ಹೆಣೆದು ತುದಿಗೆ ಕಾಟನ್ ಸ್ಕ್ರಂಚಿ ಹಾಕಿ ಹೊರಡಿ. ಹೋದ ಕಡೆ ಆ ಜಡೆಯನ್ನೇ ಸುತ್ತಿ, ಅದೇ ಸ್ಕ್ರಂಚಿಯನ್ನು ಬುಡಕ್ಕೆ ಎರಡು ಸುತ್ತು ಹಾಕಿದರೆ ತುರುಬಾಗುತ್ತದೆ.