ಬಯೋಸ್ ಒಳಗೆ ಹೋಗಲು ಆಗ್ತಿಲ್ವಾ? ಬ್ಯಾಟರಿ ಕೀಳುವ ಮೊದಲು ಇದನ್ನು ಓದಿ

ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಂಡವರಿಗೆ ಈ ಬರಹ. ಎಷ್ಟು ಸಲ ಡಿಲೀಟ್ ಒತ್ತಿದರೂ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್ ಇರುವ ಪ್ರೋಗ್ರಾಂ) ಬರುತ್ತಿಲ್ಲ, ಸೀದಾ ವಿಂಡೋಸ್‌ಗೇ ಹೋಗುತ್ತಿದೆ ಅನ್ನುವವರು ದಯವಿಟ್ಟು ಕ್ಯಾಬಿನೆಟ್ ಬಿಚ್ಚಬೇಡಿ, ಬೇರೆಯವರ ಕೈಗೂ ಕೊಡಬೇಡಿ, ಮೊದಲು ಇದನ್ನು ಪೂರ್ತಿ ಓದಿ. ನನ್ನ ತಮ್ಮನ ಕಂಪ್ಯೂಟರ್‌ನಲ್ಲಿ ಇದ್ದದ್ದೆಲ್ಲ ಹೋಯಿತು. ಹೋಗಬೇಕಾದ ಅಗತ್ಯವೇ ಇರಲಿಲ್ಲ, ಅದಕ್ಕೇ ಇನ್ನೂ ಹೊಟ್ಟೆ ಉರಿಯುತ್ತದೆ.

ತಮ್ಮ ಇಂಜಿನಿಯರಿಂಗ್ ಓದುತ್ತಿದ್ದಾನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಸುತ್ತಿ ಪಾರ್ಟ್ಸ್ ತಂದು, ಮನೆಯಲ್ಲಿ ಕೂತು ಜೋಡಿಸಿದ ಕಂಪ್ಯೂಟರ್ ಅದು. ರೈಜನ್ ಪ್ರೊಸೆಸರ್, ಎನ್‌ವಿಎಂಇ ಎಸ್‌ಎಸ್‌ಡಿ, ಹೊಸದಾಗಿ ಹಾಕಿದ ವಿಂಡೋಸ್ 11. ತುಂಬಾ ಚೆನ್ನಾಗಿ ಓಡುತ್ತಿತ್ತು. ಬೇಗ ಆನ್ ಆಗಲಿ ಅಂತ ಬಯೋಸ್‌ನಲ್ಲಿ ಫಾಸ್ಟ್ ಬೂಟ್ ಅನ್ನೋದನ್ನ ಅಲ್ಟ್ರಾ ಫಾಸ್ಟ್ ಅಂತ ಇಟ್ಟಿದ್ದ. ಎಷ್ಟೋ ವಿಡಿಯೋಗಳಲ್ಲಿ ಹಾಗೇ ಮಾಡಿ ಅಂತಾರೆ, ಹಾಗೆ ಮಾಡಿದರೆ ಏನಾಗುತ್ತೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಕಾಲೇಜಿನ ಲ್ಯಾಬ್ ಕೆಲಸಕ್ಕೆ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಬೇಕಾಯಿತು. ಅದು ಓಡಲಿಲ್ಲ. ಬಯೋಸ್‌ನಲ್ಲಿ ಎಎಂಡಿ-ವಿ, ಅಂದರೆ ಅದಕ್ಕೆ ಪ್ರೊಸೆಸರ್ ಕೊಡುವ ನೆರವು, ಆಫ್ ಆಗಿದೆ ಅಂತ ಎರರ್. ರೈಜನ್ ಬೋರ್ಡ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಬಯೋಸ್‌ನಲ್ಲಿ ಅದಕ್ಕೆ ಎಸ್‌ವಿಎಂ ಮೋಡ್ ಅನ್ನೋ ಹೆಸರಿರುತ್ತೆ, ಆ ಒಂದು ಸೆಟ್ಟಿಂಗ್ ಆನ್ ಮಾಡಿದರೆ ಮುಗಿಯಿತು, ಒಂದು ನಿಮಿಷದ ಕೆಲಸ. ಆದರೆ ಬಯೋಸ್ ಒಳಗೆ ಹೋದರೆ ತಾನೇ? ಡಿಲೀಟ್ ಒತ್ತಿದ, ಎಫ್2 ಒತ್ತಿದ, ಬೇರೆ ಕೀಬೋರ್ಡ್ ತಂದು ನೋಡಿದ. ಮಾನಿಟರ್ ಕಣ್ಣು ಬಿಡುವಷ್ಟರಲ್ಲಿ ವಿಂಡೋಸ್ ಲಾಗಿನ್ ಬಂದಿರುತ್ತಿತ್ತು. ಕೊನೆಗೆ ಹತ್ತಿರದ ಒಂದು ಸರ್ವಿಸ್ ಅಂಗಡಿಗೆ ಹೊತ್ತುಕೊಂಡು ಹೋದ.

ಅವರು ಒಂದು ಮಾತೂ ಕೇಳಲಿಲ್ಲ. ಗ್ರಾಫಿಕ್ಸ್ ಕಾರ್ಡ್ ತೆಗೆದು, ಅದರ ಕೆಳಗಿದ್ದ ಸಿಆರ್2032 ಬಟನ್ ಸೆಲ್ (ಬಯೋಸ್ ಸೆಟ್ಟಿಂಗ್ಸ್ ಉಳಿಸಿಡುವ ಪುಟ್ಟ ಬ್ಯಾಟರಿ) ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರು. ಬಯೋಸ್ ಬಂತು, ಎಸ್‌ವಿಎಂ ಆನ್ ಮಾಡಿದರು. ರೀಸ್ಟಾರ್ಟ್ ಮಾಡಿದರೆ ನೀಲಿ ಪರದೆ, ಬಿಟ್‌ಲಾಕರ್ (ಡಿಸ್ಕ್‌ನಲ್ಲಿರೋದನ್ನೆಲ್ಲ ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀ ಹಾಕಿ ಅಂತ ಕೇಳುತ್ತಿದೆ. 48 ಅಂಕಿಯ ಕೀ. ತಮ್ಮ ನಾನು ಯಾವತ್ತೂ ಬಿಟ್‌ಲಾಕರ್ ಹಾಕಿಲ್ಲ ಅಂದ. ಅಂಗಡಿಯವರು "ವಿಂಡೋಸ್ ಹೋಗಿದೆ ಬ್ರದರ್, ಫಾರ್ಮ್ಯಾಟ್ ಬಿಟ್ಟರೆ ಬೇರೆ ದಾರಿ ಇಲ್ಲ" ಅಂದರು. ಫಾರ್ಮ್ಯಾಟ್ ಮಾಡಿಯೂ ಬಿಟ್ಟರು, ಅದಕ್ಕೆ ದುಡ್ಡನ್ನೂ ತಗೊಂಡರು. ಪ್ರಾಜೆಕ್ಟ್ ಫೈಲುಗಳು, ಅಜ್ಜಿಯ ಹಳೆಯ ಫೋಟೋ ಸ್ಕ್ಯಾನ್ ಮಾಡಿಟ್ಟಿದ್ದ ಫೋಲ್ಡರ್, ಎಲ್ಲಾ ಹೋಯಿತು.

"ಅಕ್ಕಾ, ಏನೋ ಕೀ ಕೇಳ್ತಂತೆ, ಇರಲಿಲ್ಲ, ಅದಕ್ಕೆ ಫಾರ್ಮ್ಯಾಟ್ ಮಾಡಿದ್ರು" ಅಂತ ಸಂಜೆ ಫೋನ್ ಮಾಡಿದ. ಅವನ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ ಡಿವೈಸಸ್ ಅನ್ನೋ ಕಡೆ ನೋಡು ಅಂದೆ. ಕೀ ಅಲ್ಲೇ ಇತ್ತು. 48 ಅಂಕಿಯೂ ಸಾಲಾಗಿ, ಕಂಪ್ಯೂಟರ್ ಹೆಸರಿನ ಜೊತೆ. ಅಂಗಡಿಯಲ್ಲಿ ನಿಂತೇ ಫೋನ್‌ನಲ್ಲಿ ನೋಡಬಹುದಿತ್ತು. ಈಗ ಅದರಿಂದ ಏನೂ ಪ್ರಯೋಜನ ಇಲ್ಲ, ಯಾಕೆಂದರೆ ಎನ್‌ಕ್ರಿಪ್ಟ್ ಆಗಿದ್ದ ಡ್ರೈವನ್ನು ಫಾರ್ಮ್ಯಾಟ್ ಮಾಡಿ ಅದರ ಮೇಲೇ ಹೊಸ ವಿಂಡೋಸ್ ಹಾಕಿದ ಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ತಂದರೂ ಹಳೆಯ ಫೈಲ್ ಬರುವುದಿಲ್ಲ.

ಇಲ್ಲಿ ಆಗಿದ್ದೇನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದು ನಿಮ್ಮಲ್ಲಿ ಯಾರಿಗೆ ಬೇಕಾದರೂ ಆಗಬಹುದು.

ಕಂಪ್ಯೂಟರ್ ಆನ್ ಆದಾಗ ಬೋರ್ಡ್ ಮೊದಲು ಮೆಮೊರಿ, ಯುಎಸ್‌ಬಿ, ಡಿಸ್ಕ್ ಎಲ್ಲವನ್ನೂ ಒಂದೊಂದಾಗಿ ಎಬ್ಬಿಸಿ ನೋಡುತ್ತದೆ. ಅಲ್ಟ್ರಾ ಫಾಸ್ಟ್ ಇಟ್ಟರೆ ಅದರಲ್ಲಿ ಬಹುಪಾಲು ಬಿಟ್ಟುಬಿಡುತ್ತದೆ. ಯುಎಸ್‌ಬಿ ಕೀಬೋರ್ಡ್ ಎದ್ದೇಳುವುದೇ ವಿಂಡೋಸ್ ಬಂದ ಮೇಲೆ. ಅಂದರೆ ನೀವು ಡಿಲೀಟ್ ಒತ್ತುವಾಗ ಆ ಕಡೆ ಕೇಳಿಸಿಕೊಳ್ಳುವವರೇ ಇಲ್ಲ, ಕೀಬೋರ್ಡ್ ಬದಲಾಯಿಸಿದರೂ ಅಷ್ಟೇ. ಬರೀ ಫಾಸ್ಟ್ ಅಂತ ಇದ್ದರೆ ಇಷ್ಟು ಕಷ್ಟ ಇಲ್ಲ, ಸಾಮಾನ್ಯವಾಗಿ ಕೀಬೋರ್ಡ್ ಕೆಲಸ ಮಾಡುತ್ತೆ, ಸಮಯ ಮಾತ್ರ ಕಡಿಮೆ ಸಿಗುತ್ತೆ. ಅಂಥವರು ಕೀಬೋರ್ಡನ್ನು ಹಬ್‌ಗೆ ಚುಚ್ಚದೆ ಹಿಂದಿನ ಪೋರ್ಟ್‌ಗೇ ಚುಚ್ಚಿ, ಬ್ಲೂಟೂತ್ ಕೀಬೋರ್ಡ್ ಪಕ್ಕಕ್ಕಿಡಿ, ಲೋಗೋ ಬರಲಿ ಅಂತ ಕಾಯದೆ ಪವರ್ ಒತ್ತಿದ ತಕ್ಷಣದಿಂದಲೇ ಡಿಲೀಟ್ ಒತ್ತುತ್ತಾ ಇರಿ.

ಇನ್ನು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ, 2012ರಲ್ಲಿ ವಿಂಡೋಸ್ 8 ಜೊತೆ ಬಂದಿದ್ದು. ಅದೇ ಬೇರೆ, ಇದೇ ಬೇರೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ. ರೀಸ್ಟಾರ್ಟ್ ಕೊಟ್ಟರೆ ಪೂರ್ತಿ ಮುಚ್ಚಿ ಹೊಸದಾಗಿ ಶುರು ಆಗುತ್ತೆ. ಹಾಗಾಗಿ ಬಯೋಸ್‌ಗೆ ಹೋಗಬೇಕಾದರೆ ಶಟ್‌ಡೌನ್ ಮಾಡಿ ಆನ್ ಮಾಡಬೇಡಿ, ರೀಸ್ಟಾರ್ಟ್ ಮಾಡಿ.

ವಿಂಡೋಸ್ ಬರುತ್ತಿದೆ ಅಂದರೆ ಬಯೋಸ್‌ಗೆ ಹೋಗೋ ದಾರಿ ವಿಂಡೋಸ್ ಒಳಗೇ ಇದೆ! ಅಂಗಡಿಯವರು ಮಾಡಬೇಕಾಗಿದ್ದೂ ಇದನ್ನೇ. ಸ್ಟಾರ್ಟ್ ಮೆನುವಿನ ಪವರ್ ಗುರುತಿಗೆ ಹೋಗಿ, ಶಿಫ್ಟ್ ಒತ್ತಿ ಹಿಡಿದುಕೊಂಡು ರೀಸ್ಟಾರ್ಟ್ ಮೇಲೆ ಕ್ಲಿಕ್ ಮಾಡಿ. ನೀಲಿ ಮೆನು ಬರುತ್ತೆ. ಅದರಲ್ಲಿ ಟ್ರಬಲ್‌ಶೂಟ್, ಆಮೇಲೆ ಅಡ್ವಾನ್ಸ್‌ಡ್ ಆಪ್ಷನ್ಸ್, ಅದರೊಳಗೆ ಯುಇಎಫ್‌ಐ (ಈಗಿನ ಹೊಸ ಬಗೆಯ ಬಯೋಸ್) ಫರ್ಮ್‌ವೇರ್ ಸೆಟ್ಟಿಂಗ್ಸ್. ಅದನ್ನು ಒತ್ತಿ ರೀಸ್ಟಾರ್ಟ್ ಕೊಟ್ಟರೆ ಕಂಪ್ಯೂಟರ್ ಸೀದಾ ಬಯೋಸ್‌ನಲ್ಲಿ ಬಂದು ನಿಲ್ಲುತ್ತದೆ. ಯಾವ ಕೀಲಿಯನ್ನೂ ಒತ್ತಬೇಕಿಲ್ಲ, ಮುಂದಿನ ಸಲ ಬಯೋಸ್‌ಗೇ ಹೋಗು ಅಂತ ವಿಂಡೋಸೇ ಬೋರ್ಡ್‌ಗೆ ಹೇಳಿರುತ್ತೆ. ಟೈಪ್ ಮಾಡಿ ರೂಢಿ ಇರುವವರು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಶಟ್‌ಡೌನ್ /ಆರ್ /ಎಫ್‌ಡಬ್ಲ್ಯೂ /ಟಿ 0 ಅಂತ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಮೊದಲ ಸಲ 203 ಅಂತ ಎರರ್ ಬಂದರೆ ಗಾಬರಿ ಬೇಡ, ಅದೇ ಕಮಾಂಡನ್ನು ಇನ್ನೊಂದು ಸಲ ಕೊಡಿ, ಎಷ್ಟೋ ಸಲ ಆಗ ಹೋಗುತ್ತೆ. ಲಿನಕ್ಸ್‌ನಲ್ಲಿ ಸಿಸ್ಟಂಸಿಟಿಎಲ್ ರೀಬೂಟ್ ಕಮಾಂಡಿಗೆ ಫರ್ಮ್‌ವೇರ್-ಸೆಟಪ್ ಅನ್ನೋ ಆಪ್ಷನ್ ಸೇರಿಸಿದರೆ ಅದೇ ಕೆಲಸ ಆಗುತ್ತದೆ. ಮೆನುವಿನಲ್ಲಿ ಯುಇಎಫ್‌ಐ ಅನ್ನೋದೇ ಕಾಣದಿದ್ದರೆ ಎಂಎಸ್‌ಇನ್ಫೋ32 ತೆರೆದು ಬಯೋಸ್ ಮೋಡ್ ಏನಿದೆ ನೋಡಿ. ಲೆಗಸಿ, ಅಂದರೆ ಹಳೆಯ ಬಗೆ, ಅಂತ ಇದ್ದರೆ ಈ ದಾರಿ ಇಲ್ಲ.

ಒಳಗೆ ಹೋದ ಕೂಡಲೇ ಫಾಸ್ಟ್ ಬೂಟ್ ಆಫ್ ಮಾಡಿ ಸೇವ್ ಮಾಡಿ. ಎಷ್ಟು ಉಳಿತಾಯ ಆಗುತ್ತಿತ್ತು ಅಂತ ಅನುಮಾನ ಇದ್ದರೆ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ಲಾಸ್ಟ್ ಬಯೋಸ್ ಟೈಮ್ ಅಂತ ಸೆಕೆಂಡ್ ಲೆಕ್ಕದಲ್ಲಿ ತೋರಿಸುತ್ತೆ, ಆಫ್ ಮಾಡುವ ಮೊದಲು ಮತ್ತು ಆಮೇಲೆ ನೋಡಿ. ಆ ಕೆಲವು ಸೆಕೆಂಡಿಗಾಗಿ ಇಷ್ಟೆಲ್ಲ ಪಾಡು ಬೇಡ.

ಈಗ ಬಿಟ್‌ಲಾಕರ್ ವಿಷಯ. ನಾನು ಹಾಕೇ ಇಲ್ಲ ಅನ್ನೋ ಮಾತನ್ನು ನಂಬಿಕೊಂಡು ಕೂರಬೇಡಿ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಡಿವೈಸ್ ಎನ್‌ಕ್ರಿಪ್ಷನ್ (ಬಿಟ್‌ಲಾಕರ್‌ನದೇ ಸರಳ ರೂಪ) ತಾನಾಗೇ ಆನ್ ಆಗುತ್ತದೆ. ಹೋಮ್ ಎಡಿಷನ್‌ನಲ್ಲೂ ಆಗುತ್ತೆ. ಮೊದಲು ಇದು ಹೆಚ್ಚಾಗಿ ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತಿತ್ತು, ಈ ಆವೃತ್ತಿಯಲ್ಲಿ ಹಾರ್ಡ್‌ವೇರ್ ಷರತ್ತು ಸಡಿಲ ಮಾಡಿದ್ದರಿಂದ ನಾವು ಜೋಡಿಸಿದ ಡೆಸ್ಕ್‌ಟಾಪ್‌ಗಳಿಗೂ ಬಂತು. ಬೀಗದ ಗುಟ್ಟು ಟಿಪಿಎಂ ಅನ್ನೋ ಸುರಕ್ಷತಾ ಭಾಗದಲ್ಲಿ ಇರುತ್ತೆ. ಬ್ಯಾಟರಿ ಕಿತ್ತಾಗ ತಮ್ಮನ ಬೋರ್ಡ್‌ನಲ್ಲಿ ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ಸೆಟ್ಟಿಂಗ್) ಆಫ್ ಆಗಿತ್ತು. ಯಾರೋ ಏನೋ ಬದಲಾಯಿಸಿದ್ದಾರೆ ಅಂತ ಟಿಪಿಎಂ ಗುಟ್ಟು ಬಿಟ್ಟುಕೊಡಲಿಲ್ಲ, ವಿಂಡೋಸ್ ಕೀ ಕೇಳಿತು. ಇಂಥ ಕಡೆ ಸೆಕ್ಯೂರ್ ಬೂಟ್, ಟಿಪಿಎಂ ಎರಡನ್ನೂ ಮೊದಲು ಇದ್ದ ಹಾಗೇ ಇಟ್ಟರೆ ಬಹಳ ಸಲ ಕೀ ಕೇಳದೇ ತೆರೆದುಕೊಳ್ಳುತ್ತೆ. ಅದನ್ನೂ ಅವರು ಮಾಡಿ ನೋಡಲಿಲ್ಲ. ಅದೇ ನನ್ನ ದೊಡ್ಡ ದೂರು. ಗೊತ್ತಿಲ್ಲದೇ ಇರೋದು ತಪ್ಪಲ್ಲ, ಆದರೆ ಬೇರೆಯವರ ಡೇಟಾ ಅಳಿಸುವ ಮೊದಲು ಹತ್ತು ನಿಮಿಷ ನಿಲ್ಲಬೇಕಿತ್ತು ಅಲ್ವಾ?

ಆದ್ದರಿಂದ ಇವತ್ತೇ, ಕಂಪ್ಯೂಟರ್ ಚೆನ್ನಾಗಿ ಓಡುತ್ತಿರುವಾಗಲೇ, ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ ಒಳಗೆ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಇದ್ದರೆ ಕೀಯನ್ನು ಕಾಗದದ ಮೇಲೆ ಬರೆದಿಡಿ ಅಥವಾ ಪ್ರಿಂಟ್ ತೆಗೆದಿಡಿ. ಅದೇ ಕಂಪ್ಯೂಟರ್‌ನಲ್ಲಿ ಸೇವ್ ಮಾಡಿಟ್ಟು ಏನು ಉಪಯೋಗ? ಜೊತೆಗೆ ಬಯೋಸ್‌ನ ಎಲ್ಲ ಪುಟಗಳನ್ನೂ ಮೊಬೈಲ್‌ನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಹಲವು ಬೋರ್ಡ್‌ಗಳಲ್ಲಿ ಪೆನ್‌ಡ್ರೈವ್ ಹಾಕಿ ಎಫ್12 ಒತ್ತಿದರೆ ಸ್ಕ್ರೀನ್‌ಶಾಟ್ ಕೂಡ ಸೇವ್ ಆಗುತ್ತೆ.

ವಿಂಡೋಸೇ ಬರುತ್ತಿಲ್ಲ, ಬಯೋಸೂ ಬರುತ್ತಿಲ್ಲ ಅನ್ನುವ ಸ್ಥಿತಿಯಲ್ಲೂ ಬ್ಯಾಟರಿಗೆ ಕೈ ಹಾಕುವ ಮುಂಚೆ ಎರಡು ಕೆಲಸ ಮಾಡಿ ನೋಡಿ. ಮೊದಲು ಪವರ್ ಕೇಬಲ್ ಪೂರ್ತಿ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ. ಕೆಲವು ಬೋರ್ಡ್‌ಗಳು ಕರೆಂಟ್ ಹೋಗಿ ಬಂದ ಮೇಲೆ ಒಂದು ಸಲ ಫಾಸ್ಟ್ ಬೂಟ್ ಬಿಟ್ಟು ಮಾಮೂಲಿಯಾಗಿ ಶುರು ಆಗುತ್ತವೆ. ಅದೂ ಆಗದಿದ್ದರೆ ಎಸ್‌ಎಸ್‌ಡಿ ಮತ್ತೆ ಬೇರೆ ಡಿಸ್ಕ್‌ಗಳನ್ನು ತೆಗೆದಿಟ್ಟು ಆನ್ ಮಾಡಿ. ಬೂಟ್ ಮಾಡಲು ಏನೂ ಸಿಗದೇ ಹೋದರೆ ತುಂಬಾ ಬೋರ್ಡ್‌ಗಳು ತಾವಾಗೇ ಬಯೋಸ್ ತೆರೆಯುತ್ತವೆ.

ಸಿಮಾಸ್ ಕ್ಲಿಯರ್, ಅಂದರೆ ಬಯೋಸ್ ಸೆಟ್ಟಿಂಗ್ಸ್ ಎಲ್ಲ ಅಳಿಸಿ ಮೊದಲಿನಂತೆ ಮಾಡುವುದು, ಮಾಡಲೇಬೇಕು ಅಂತಾದರೆ ಬಿಟ್‌ಲಾಕರ್ ಕೀ ಕೈಯಲ್ಲಿ ಇಟ್ಟುಕೊಂಡೇ ಮಾಡಿ. ಪವರ್ ಕೇಬಲ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಖಾಲಿ ಮಾಡಿ. ಗ್ರಾಫಿಕ್ಸ್ ಕಾರ್ಡ್ ಬಿಚ್ಚುವುದು ಎಷ್ಟೋ ಸಲ ಬೇಕಾಗುವುದೇ ಇಲ್ಲ, ಇದಕ್ಕೇ ಅಂತ ಬೋರ್ಡ್‌ನಲ್ಲಿ ಎರಡು ಪಿನ್ ಇರುತ್ತವೆ, ಎಲ್ಲಿವೆ ಅಂತ ಮ್ಯಾನುವಲ್‌ನಲ್ಲಿ ನೋಡಿಕೊಂಡು ಸ್ಕ್ರೂಡ್ರೈವರ್ ತುದಿಯಿಂದ ಆ ಎರಡನ್ನೂ ಸೇರಿಸಿ ಕೆಲವು ಸೆಕೆಂಡ್ ಹಿಡಿದರೆ ಸಾಕು. ಅಂದಾಜಿನ ಮೇಲೆ ಬೇರೆ ಪಿನ್ ಮುಟ್ಟಿಸಬೇಡಿ. ಡಿಡಿಆರ್5 ಮೆಮೊರಿ ಇದ್ದರೆ ಆಮೇಲೆ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಗೇ ಇರಬಹುದು, ಮೆಮೊರಿ ಟ್ರೇನಿಂಗ್ ನಡೆಯುತ್ತಿರುತ್ತದೆ, ಸತ್ತೇ ಹೋಯಿತು ಅಂತ ಮಧ್ಯದಲ್ಲಿ ಆಫ್ ಮಾಡಬೇಡಿ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಆಗಿರುತ್ತೆ, ಮತ್ತೆ ಆನ್ ಮಾಡಿಕೊಳ್ಳಬೇಕು. ತಾರೀಖು ಸರಿ ಇದೆಯಾ ನೋಡಿ, ತಪ್ಪಿದ್ದರೆ ಬ್ರೌಸರ್‌ನಲ್ಲಿ ಸೈಟುಗಳು ತೆರೆಯದೆ ಸರ್ಟಿಫಿಕೇಟ್ ಎರರ್ ಬರುತ್ತೆ.

ಅಂಗಡಿಗೆ ಕೊಡಲೇಬೇಕಾದರೆ ಡೇಟಾ ಅಳಿಸಬಾರದು, ನನ್ನನ್ನು ಕೇಳದೆ ಬ್ಯಾಟರಿ ತೆಗೆಯಬಾರದು ಅಂತ ರಸೀದಿಯ ಮೇಲೆ ಬರೆಸಿಕೊಳ್ಳಿ. ಈಗಾಗಲೇ ಆ ನೀಲಿ ಪರದೆಯ ಮುಂದೆ ಕೂತಿರುವವರು ಫಾರ್ಮ್ಯಾಟ್‌ಗೆ ಮಾತ್ರ ಒಪ್ಪಬೇಡಿ. ಪರದೆಯಲ್ಲಿ ಕೀ ಐಡಿ ಅಂತ ಕಾಣುತ್ತಿರುತ್ತೆ. ಅದರ ಮೊದಲ 8 ಅಕ್ಷರಗಳನ್ನು ಬರೆದುಕೊಂಡು, ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ತೆರೆದು ಅದೇ ಐಡಿಯ ಕೀ ಇದೆಯಾ ನೋಡಿ. ವಿಂಡೋಸ್ ಹಾಕುವಾಗ ಅಣ್ಣನದೋ ಗೆಳೆಯನದೋ ಅಕೌಂಟ್ ಬಳಸಿದ್ದರೆ ಅವರ ಅಕೌಂಟ್‌ನಲ್ಲೂ ಹುಡುಕಿಸಿ.