ಬೇಸಿಗಿ ಹೊಳಿ ಅಂತ ಉಸುಕಿನ ಮ್ಯಾಲೆ ಟೆಂಟ್ ಹಾಕಬ್ಯಾಡ್ರಿ

ಮೊದಲೇ ಹೇಳಿಬಿಡುತ್ತೇನೆ, ಯಾರೂ ಸತ್ತಿಲ್ಲ. ಒಬ್ಬರ ಮೊಣಕಾಲು ಕೆತ್ತಿದೆ, ಎರಡು ಫೋನ್ ನೀರು ಕುಡಿದಿವೆ, ಹನ್ನೊಂದು ಜೋಡಿ ಚಪ್ಪಲಿ ಹೋಗಿವೆ, ಇಪ್ಪತ್ತು ಸಾವಿರ ರೂಪಾಯಿ ಹೋಗಿದೆ. ಇಷ್ಟರಲ್ಲೇ ಮುಗಿದದ್ದಕ್ಕೆ ಕಾರಣ, ರಾತ್ರಿ ಎರಡೂವರೆಗೆ ಗೆಳೆಯನ ಆರು ವರ್ಷದ ಮಗನಿಗೆ ಒಂದಕ್ಕೆ ಅವಸರವಾದದ್ದು.

ನಮ್ಮದು ಹತ್ತನೇ ಇಯತ್ತೆಯ ಬ್ಯಾಚು. ವಿಜಯಪುರ, ಬಾಗಲಕೋಟೆ, ಹುಬ್ಬಳ್ಳಿ, ಪುಣೆ ಅಂತ ಚೆದುರಿದವರು ಪ್ರತಿ ಮೇ ತಿಂಗಳ ಎರಡನೇ ಶನಿವಾರ ಎಲ್ಲಾದರೂ ಸೇರುತ್ತೇವೆ. ಪ್ರತಿ ವರ್ಷ ಯಾರದಾದರೂ ತೋಟದ ಮನೆ, ರೊಟ್ಟಿ, ಝುಣಕ, ಹಳೆ ಮಾಸ್ತರರ ಅಣಕು. ಈ ಸಲ ಮಕ್ಕಳು ಹಟ ಹಿಡಿದರು: ಟೆಂಟ್ ಬೇಕು, ಹೊಳೆ ಬೇಕು, ಕಯಾಕ್ ಬೇಕು. ಬೆಳಗಾವಿಯಲ್ಲಿ ಇರುವವನು ನಾನು, ನೀನೇ ನೋಡು ಅಂತ ಎಲ್ಲರೂ ನನ್ನ ಕೊರಳಿಗೆ ಕಟ್ಟಿದರು. ದೊಡ್ಡವರು 17, ಮಕ್ಕಳು 9, ಒಟ್ಟು 26 ಜನ.

ದಾಂಡೇಲಿ ಮೊದಲು ನೆನಪಾಯಿತು. ತಲೆಗೆ ಹೇಳಿದ ರೇಟು ಕೇಳಿ ವಿಜಯಪುರದವರು ಸುಮ್ಮನಾದರು, ಅವರಿಗೆ ದೂರವೂ ಹೌದು. ಜಮಖಂಡಿ ಕಡೆ ಕೃಷ್ಣಾ ನದಿ ಅಂದೆ. ನನ್ನ ಹೆಂಡತಿ ಅಡುಗೆಮನೆಯಿಂದಲೇ "ಮೊಸಳಿಗೆ ನಾಷ್ಟಾ ಕೊಡಾಕ ಹೊಂಟೀರೇನು?" ಅಂದಳು. ಮಾತು ಸುಳ್ಳಲ್ಲ, ಕೃಷ್ಣೆಯಲ್ಲಿ ಮೊಸಳೆ ಇವೆ, ದಂಡೆಯ ಉಸುಕಿನಲ್ಲಿ ಮೊಟ್ಟೆ ಇಟ್ಟು ಕಾಯುವ ಕಾಲವೂ ಬೇಸಿಗೆಯೇ. ಹೀಗೆ ಮೊಸಳೆಗೆ ಹೆದರಿ ಘಟಪ್ರಭೆಗೆ ಬಂದೆವು. ಗೋಕಾಕ ದಾಟಿ ಮುಧೋಳ ಕಡೆ ಹರಿಯುವಾಗ ಒಂದು ಊರಿನ ಹತ್ತಿರ ಯಾರೋ "ರಿವರ್ ಕ್ಯಾಂಪ್" ಅಂತ ಶುರು ಮಾಡಿದ್ದರು. ರೀಲ್ಸ್‌ನಲ್ಲಿ ಚೆಂದ ಕಾಣುತ್ತಿತ್ತು. ಅವರ ಹೆಸರು ಹಾಕುವುದಿಲ್ಲ. ಹಾಕಿದರೆ ನಾಳೆ ಬೇರೆ ಹೆಸರಿನಲ್ಲಿ ಬರುತ್ತಾರೆ, ನೀವು ಹೆಸರು ನೋಡಿ ಮೋಸ ಹೋಗುತ್ತೀರಿ.

ತಲೆಗೆ 1,800 ರೂಪಾಯಿ, ಮಕ್ಕಳಿಗೆ 1,000. ಅಡ್ವಾನ್ಸ್ 20,000 ಫೋನ್‌ಪೇ ಮಾಡಿದೆ. ಎಷ್ಟೆಲ್ಲ ವಿಚಾರಿಸಿದ್ದೆ ಗೊತ್ತೇ? ಮಟನ್ ಯಾರು ಮಾಡುತ್ತಾರೆ, ಶಾಕಾಹಾರಿಗಳಿಗೆ ಬೇರೆ ಪಾತ್ರೆಯೋ, ಹೆಂಗಸರಿಗೆ ಶೌಚಾಲಯ ಎಷ್ಟು ದೂರ, ಸೊಳ್ಳೆ ಬತ್ತಿ ಅವರದೋ ನಮ್ಮದೋ. ನೀರಿನ ಬಗ್ಗೆ ಮಾತ್ರ ಒಂದೇ ಮಾತು ಕೇಳಿದ್ದೆ: "ನೀರು ಇರತಾವೇನ್ರಿ?" "ಫುಲ್ ಸೇಫ್ ಸರ್, ಮೊಣಕಾಲ ಮಟ" ಅಂದ. ಲೈಸನ್ಸ್ ಅಂದಿದ್ದಕ್ಕೆ ಜಿಎಸ್‌ಟಿ ಸರ್ಟಿಫಿಕೇಟಿನ ಫೋಟೋ ಕಳಿಸಿದ. ನಾನು ಅದನ್ನೇ ಗುಂಪಿಗೆ ಹಾಕಿ ಎರಡು ಹೆಬ್ಬೆರಳು ಗಳಿಸಿದೆ.

ಶನಿವಾರ ನಾಲ್ಕಕ್ಕೆ ಮುಟ್ಟಿದೆವು. ಮ್ಯಾಪು ಊರೊಳಗೆ ಹಾಯಿಸದೆ ಕಾಲುವೆ ರಸ್ತೆ ಹಿಡಿಸಿ ಸೀದಾ ಹೊಳೆಗೆ ತಂದು ನಿಲ್ಲಿಸಿತು. ಆಗ ಅದು ಅನುಕೂಲ ಅನಿಸಿತ್ತು. ಹೊಳೆಯ ನಡುವೆ ಉಸುಕಿನ ದಿಬ್ಬ, ಅದರ ಮೇಲೆ ಸಾಲಾಗಿ ಟೆಂಟು. ಆಚೆ ಬದಿ ನಿಂತ ನೀರು, ಕೆಳಗಡೆ ಇನ್ನೂರು ಮೀಟರ್ ದೂರದಲ್ಲಿ ಹಳೆಯದೊಂದು ಒಡ್ಡು, ಮೇಲ್ಗಡೆ ಕಣ್ಣಿಗೆ ಬೀಳದಷ್ಟು ದೂರದಲ್ಲಿ ಹೊಳೆಯ ನೀರು ತಡೆದು ನಿಲ್ಲಿಸುವ ಗೇಟಿನ ಬಾಂದಾರ. ಈಚೆ ದಂಡೆಗೂ ದಿಬ್ಬಕ್ಕೂ ನಡುವೆ ಒಣಗಿದ ತಗ್ಗು. ಸಾಮಾನು ಹೊತ್ತು ಆ ತಗ್ಗು ಇಳಿದು ಹತ್ತಿದೆವು, ಮಕ್ಕಳು ಅದರಲ್ಲಿ ಶಂಖ ಆರಿಸಿದರು. ಅದೂ ಹೊಳೆಯೇ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ದಂಡೆಯ ಮೇಲೆ ಇಬ್ಬರು ರೈತರು ಪಂಪ್‌ಸೆಟ್ಟಿನ ಮೋಟರಿಗೆ ಹಗ್ಗ ಕಟ್ಟಿ ನೀರಿನಂಚಿನಿಂದ ಮೇಲಕ್ಕೆ ಎಳೆಯುತ್ತಿದ್ದರು. ಕಬ್ಬಿಣದ ಚೌಕಟ್ಟು ಕಲ್ಲಿಗೆ ಸಿಕ್ಕಾಗೆಲ್ಲ ಅವರಲ್ಲಿ ಹಿರಿಯರು "ಹೋ" ಅಂತ ನಿಲ್ಲಿಸಿ ಹಾರೆ ಹಾಕಿ ಎತ್ತುತ್ತಿದ್ದರು. ನಮ್ಮವನೊಬ್ಬ ಅದರ ಮುಂದೆ ನಿಂತು ಸೆಲ್ಫಿ ತೆಗೆದ. ಹಿರಿಯರು ಬೆವರು ಒರೆಸಿಕೊಂಡು ಕೇಳಿದರು:

"ಇಲ್ಲೇ ವಸ್ತಿ ಇರಾವ್ರೇನ್ರಿ ಸರ್ರ?"

"ಹೂಂ ಕಾಕಾ, ರಾತ್ರಿ ಊಟಕ್ಕ ಬರ್ರಿ" ಅಂದೆ ನಾನು, ದೊಡ್ಡ ಮನಸ್ಸಿನವನ ಹಾಗೆ.

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕ್ಯಾಂಪಿನ ಹುಡುಗ "ಸರ್, ಜಾಕೆಟ್ ಹಾಕೋರಿ" ಅಂತ ಕೂಗಿದ, ನಾನು ತಿರುಗಿ ನಡೆದುಬಿಟ್ಟೆ. ಈ ಬರಹ ಬರೆಯುವುದಕ್ಕೆ ಕಾರಣ ಆ ಒಂದು ನಿಮಿಷ.

ಜಾಕೆಟ್ಟಿನ ಕಥೆ ಕೇಳಿ. 26 ಜನಕ್ಕೆ 14. ಮಕ್ಕಳ ಅಳತೆಯವು ಎರಡೇ. ಒಂದರ ಬಕಲ್ ಮುರಿದು ಸುತಳಿ ಕಟ್ಟಿದ್ದರು, ಇನ್ನೊಂದರ ಒಳಗಿನ ಫೋಮು ಹಿಚುಕಿದರೆ ಚುರುಮರಿಯ ಹಾಗೆ ಪುಡಿ ಪುಡಿ. ಗೆಳೆಯನ ಹೆಂಡತಿ ಶಾಲೆಯಲ್ಲಿ ಪಿಟಿ ಟೀಚರು. ಆಕೆ ಮಗನಿಗೆ ಜಾಕೆಟ್ ಹಾಕಿ, ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿದಳು. ಜಾಕೆಟ್ಟು ಮೇಲೆ ಬಂತು, ಹುಡುಗ ನೆಲದ ಮೇಲೆಯೇ ಉಳಿದ, ಕಿವಿ ಮಡಚಿಕೊಂಡಿತ್ತು. "ನೀರಾಗ ಬಿದ್ರ ಇದು ತೇಲತೈತಿ, ಇವ ಮುಳುಗತಾನ" ಅಂದಳು. ಎಲ್ಲಿಗೆ ಹೋದರೂ ಈ ಪರೀಕ್ಷೆ ಮಾಡಿ. ಪಟ್ಟಿ ಎಲ್ಲ ಬಿಗಿದ ಮೇಲೆ ಎತ್ತಿದರೆ ಜಾಕೆಟ್ ಗದ್ದ ದಾಟಿ ಕಿವಿಗೆ ಬರಬಾರದು. ಒಂದು ನಿಮಿಷದ ಕೆಲಸ. ಆಕೆಯ ಮಾತು ಕೇಳಿ ಮಕ್ಕಳನ್ನು ಕಯಾಕಿಗೆ ಹತ್ತಿಸಲಿಲ್ಲ. ನಾವು ಮಾಡಿದ ಒಂದೇ ಒಂದು ಒಳ್ಳೆ ಕೆಲಸ ಅದು. ಮಕ್ಕಳು ಅತ್ತರು, ಅಳಲಿ.

ದೊಡ್ಡವರು ಹೋದರು. ಗಾಳಿ ತುಂಬುವ ಕಯಾಕು, ತೂಕವೇ ಇಲ್ಲ. ಅರ್ಧ ತಾಸು ಚೆನ್ನಾಗಿತ್ತು. ಐದೂವರೆಗೆ ಪಡುವಣದಲ್ಲಿ ಕೆಂಪು ಧೂಳು ಎದ್ದಿತು. ಕೃತ್ತಿಕಾ ಮಳೆಯ ದಿನಗಳು; ಹಗಲೆಲ್ಲ ಕಾದ ನೆಲ, ಸಂಜೆಗೆ ಗಾಳಿ, ಗುಡುಗು, ನಾಲ್ಕು ಹನಿ. ಇದು ನಮ್ಮ ಸೀಮೆಯಲ್ಲಿ ದನ ಕಾಯುವ ಹುಡುಗನಿಗೂ ಗೊತ್ತು. ಬಿರುಗಾಳಿ ಬಂದ ಕೂಡಲೇ ಗಂಡ ಹೆಂಡತಿ ಕೂತಿದ್ದ ಕಯಾಕು ಗಿರಗಿಟ್ಟಲೆಯಂತೆ ತಿರುಗಿ ಒಡ್ಡಿನ ಕಡೆ ಓಡಿತು. ಅವನ ಕೈಯಿಂದ ಹುಟ್ಟು ಜಾರಿತ್ತು. ನೀರಿನಲ್ಲಿ ಕೂತವರಿಗೆ ಒಡ್ಡು ಕಾಣುವುದಿಲ್ಲ, ಹೊಳೆ ಅಲ್ಲಿಗೆ ಗೆರೆ ಕೊರೆದಂತೆ ಮುಗಿದಿರುತ್ತದೆ ಅಷ್ಟೆ. ಆಚೆ ಎಷ್ಟು ಆಳಕ್ಕೆ ಬೀಳುತ್ತೇವೆ ಅನ್ನುವುದು ಬಿದ್ದ ಮೇಲೆಯೇ ತಿಳಿಯುವುದು. ದಂಡೆಯ ಮೇಲಿನ ಹುಡುಗರ ಹತ್ತಿರ ಎಸೆಯಲು ಹಗ್ಗ ಇರಲಿಲ್ಲ, ಸೀಟಿ ಇರಲಿಲ್ಲ. "ಸರ್, ಎಡಕ್ಕ ಹೊಡೀರಿ, ಎಡಕ್ಕ" ಅಂತ ಕೂಗುತ್ತಿದ್ದರು, ಹುಟ್ಟೇ ಇಲ್ಲದವರಿಗೆ.

ಒಡ್ಡಿನ ಅಂಚಿನ ಕಾಂಕ್ರೀಟ್ ಕಂಬ ಇಬ್ಬರ ಕೈಗೂ ಸಿಕ್ಕಿತು. ಕಯಾಕು ಒಂದೇ ಕೆಳಗೆ ಬಿದ್ದು ಕಲ್ಲಿಗೆ ಹರಿಯಿತು. ಕ್ಯಾಂಪಿನವನು ಓಡಿ ಬಂದು ಹೇಳಿದ ಮೊದಲ ಮಾತು: "ಕಯಾಕ್ ಹರದೈತ್ರಿ ಸರ್, ಅದರ ರೊಕ್ಕ ಯಾರ ಕೊಡತೀರಿ?"

ಆಗಲೇ ಗಂಟು ಕಟ್ಟಬೇಕಿತ್ತು. ಕಟ್ಟಲಿಲ್ಲ. ಮಳೆ ನಿಂತಿತ್ತು, ತಂಪು ಗಾಳಿ ಬೀಸುತ್ತಿತ್ತು, ಮಟನ್ ಕುದಿಯುತ್ತಿತ್ತು. ಕಯಾಕಿನಲ್ಲಿದ್ದ, ಮೊಣಕಾಲಿಗೆ ಅರಿಸಿನ ಹಚ್ಚಿಸಿಕೊಂಡ ಆ ತಾಯಿಯೇ "ಇರಲಿ ಬಿಡ್ರಿ, ಎಲ್ಲಾರೂ ಬಂದೀವಿ" ಅಂದಳು. ಸ್ಪೀಕರ್ ಹಚ್ಚಿದೆವು. ಎಂಟರ ಸುಮಾರಿಗೆ ಊರ ಕಡೆಯಿಂದ ಮೈಕಿನಲ್ಲಿ ಏನೋ ಕೇಳಿಸಿತು. ಯಾರದೋ ಮದುವೆ ಇರಬೇಕು ಅಂದುಕೊಂಡು ನಮ್ಮ ಸೌಂಡು ಇನ್ನಷ್ಟು ಏರಿಸಿದೆವು.

ರಾತ್ರಿ ಎರಡೂವರೆಗೆ ಆ ಹುಡುಗ ಟೆಂಟಿನ ಜಿಪ್ ತೆಗೆದು ಹೊರಗೆ ನೋಡಿ ಅಪ್ಪನನ್ನು ಎಬ್ಬಿಸಿದ. "ಪಪ್ಪಾ, ಚಪ್ಪಲ್ ಹೊಂಟಾವು."

ಟಾರ್ಚ್ ಹಾಕಿ ನೋಡಿದರೆ ನಿಜವಾಗಿಯೂ ಹೊರಟಿದ್ದವು. ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳು ಒಂದರ ಹಿಂದೊಂದು ತೇಲುತ್ತಾ ಕತ್ತಲೆಗೆ ಇಳಿಯುತ್ತಿದ್ದವು. ದಿಬ್ಬದ ಮೇಲೆ ಪಾದ ಮುಳುಗುವಷ್ಟು ನೀರು. ಸಪ್ಪಳವೇ ಇಲ್ಲ. ಹೊಳೆ ಬಂದರೆ ಭೋರ್ಗರೆಯುತ್ತದೆ ಅಂದುಕೊಂಡವನು ನಾನು. ಹಾಗೇನಿಲ್ಲ, ಹಾಸಿಗೆಯ ಕೆಳಗೆ ಬೆಕ್ಕು ನುಸುಳಿದಂತೆ ಬರುತ್ತದೆ. ಹಗಲು ಮಕ್ಕಳು ಶಂಖ ಆರಿಸಿದ್ದ ತಗ್ಗು ಮೊದಲು ತುಂಬಿತ್ತು. ಅಲ್ಲಿ ಸೊಂಟಮಟ್ಟ ನೀರು, ಜೊತೆಗೆ ಸೆಳವು. ನಾವು ನಡುಗಡ್ಡೆಯಲ್ಲಿದ್ದೆವು.

ಟೆಂಟಿನ ಹಗ್ಗಗಳನ್ನೆಲ್ಲ ಬಿಚ್ಚಿ ಗಂಟು ಹಾಕಿದೆವು. ಈಜು ಬರುವ ಇಬ್ಬರು ದಾಟಿ ಆ ತುದಿಯನ್ನು ದಂಡೆಯ ಜಾಲಿ ಗಿಡಕ್ಕೆ ಕಟ್ಟಿದರು, ಕಾರಿನ ಲೈಟು ಹಚ್ಚಿದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಗ್ಗ ಹಿಡಿದು ಒಬ್ಬೊಬ್ಬರಾಗಿ ದಾಟಿದೆವು. ದಾಟಿ ಎಣಿಸಿದರೆ 25. ಮತ್ತೆ ಎಣಿಸಿದೆ, 25. ಕೈ ಕಾಲು ತಣ್ಣಗಾದವು. ಗೆಳೆಯ ಬಂದು ನನ್ನ ಎದೆಗೆ ಬೆರಳಿಟ್ಟು "ಇಪ್ಪತ್ತಾರು" ಅಂದ. ಗಾಂಪರು ಹೊಳೆ ದಾಟಿದ ಕಥೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿ ನಗಿಸಿದ್ದೆನೋ!

ಬೆಳಕು ಹರಿದ ಮೇಲೆ ಆ ಹಿರಿಯರು ಬಂದರು. ಬಯ್ಯಲಿಲ್ಲ. ಮನೆಯಿಂದ ಕಿಟ್ಲಿ ತುಂಬ ಚಹಾ ತಂದಿದ್ದರು, ಜೊತೆಗೆ ಮಕ್ಕಳಿಗೆ ಹೊದಿಸಲು ಎರಡು ಕೌದಿ. ಕೆಳಗಿನ ಊರುಗಳಿಗೆ ಕುಡಿಯುವ ನೀರು ಇಲ್ಲದ್ದರಿಂದ ಮೇಲಿನ ಬಾಂದಾರದ ಗೇಟು ತೆಗೆಯುತ್ತಾರೆ ಅಂತ ಊರಿಗೆಲ್ಲ ಗೊತ್ತಿತ್ತಂತೆ. ಪಂಪ್‌ಸೆಟ್ ಎಳೆದಿದ್ದು ಅದಕ್ಕೇ. ರಾತ್ರಿ ಮೈಕಿನಲ್ಲಿ ಬಂದದ್ದು ಅದೇ: ದನ ಕರು ಹೊಳೆಗೆ ಬಿಡಬೇಡಿ, ಮೋಟರು ಮೇಲೆ ಎತ್ತಿಕೊಳ್ಳಿ. "ನಿಮ್ಮ ಹುಡುಗೂರಿಗೆ ಗೊತ್ತಿರತೈತಿ ಅಂತ ತಿಳದ್ನಿರಿ ನಾ" ಅಂದರು. ಆ ಹುಡುಗರು ಬೇರೆ ತಾಲೂಕಿನವರು, ಶನಿವಾರ ಬಂದು ಭಾನುವಾರ ಹೋಗುವವರು.

ಘಟಪ್ರಭೆಯ ಮೇಲೆ ಹಿಡಕಲ್ ಡ್ಯಾಮ್ ಇದೆ, ಕೆಳಗೆ ಧೂಪದಾಳ ಒಡ್ಡು, ಅದರ ಕೆಳಗೆ ಊರಿಗೊಂದರಂತೆ ಬಾಂದಾರ. ಬೇಸಿಗೆಯಲ್ಲಿ ಕುಡಿಯಲಿಕ್ಕೆ ಅಂತ ಡ್ಯಾಮಿನಿಂದ ನದಿಗೆ ನೀರು ಬಿಡುತ್ತಾರೆ, ನೀರು ಮುಂದೆ ಹೋಗಲೆಂದು ದಂಡೆಯ ಪಂಪ್‌ಸೆಟ್ಟುಗಳ ಕರೆಂಟ್ ತೆಗೆಯುವುದೂ ಉಂಟು. ಅಂದರೆ ಮೇ ತಿಂಗಳ ಹೊಳೆ ಮಳೆ ನೋಡಿಯೇ ಏರಬೇಕೆಂದಿಲ್ಲ, ಗೇಟು ನೋಡಿಯೂ ಏರುತ್ತದೆ. ದಾಂಡೇಲಿಯ ಕಾಳಿ ನದಿಯಲ್ಲೂ ಸೂಪಾ ಡ್ಯಾಮಿನ ನೀರು ಬಿಟ್ಟಾಗಲೇ ರಾಫ್ಟಿಂಗ್. ಅಲ್ಲಿ ನೀರು ಬಿಡುವ ಹೊತ್ತು ನೋಡಿಕೊಂಡೇ ಜನರನ್ನು ಹತ್ತಿಸುತ್ತಾರೆ. ಇಲ್ಲಿ ನೀರು ಬಿಡುವ ಸುದ್ದಿ ಎಮ್ಮೆಗಳಿಗೆ ತಲುಪಿತ್ತು, ನಮಗೆ ತಲುಪಿರಲಿಲ್ಲ.

ಹಿರಿಯರು ನಮ್ಮನ್ನು ಒಡ್ಡಿನ ಹತ್ತಿರ ಕರೆದುಕೊಂಡು ಹೋದರು. ನಿನ್ನೆ ಬೊಗಸೆಯಷ್ಟು ನೀರು ಸೋರುತ್ತಿದ್ದ ಕಡೆ ಉದ್ದಕ್ಕೂ ನೀರು ಬಗ್ಗಿ ಬೀಳುತ್ತಿತ್ತು. ಎತ್ತರವೇನಿಲ್ಲ, ಆಳೆತ್ತರ ಅಷ್ಟೆ. ಕೆಳಗಿನ ಬಿಳಿ ನೊರೆಯಲ್ಲಿ ಮಗುವಿನ ನೀಲಿ ಚಪ್ಪಲಿಯೊಂದು ಇತ್ತು. ಮುಂದಕ್ಕೆ ಎರಡು ಮಾರು ಹೋಗುವುದು, ನಿಲ್ಲುವುದು, ಹಿಂದಕ್ಕೆ ಒಡ್ಡಿನ ಗೋಡೆಗೇ ಬರುವುದು, ಬೀಳುವ ನೀರಿನ ಕೆಳಗೆ ಮುಳುಗುವುದು, ಮತ್ತೆ ಅಷ್ಟು ದೂರ ಏಳುವುದು. ಹತ್ತು ನಿಮಿಷ ನಿಂತು ನೋಡಿದೆವು, ಅದು ಆ ಸುತ್ತು ಬಿಟ್ಟು ಹೋಗಲೇ ಇಲ್ಲ. "ಬಿದ್ದದ್ದನ್ನ ಬಿಡೂದಿಲ್ರಿ ಇದು. ಮಳಿಗಾಲದಾಗ ಎಮ್ಮಿ ಬಿದ್ರೂ ಹಿಂಗ" ಅಂದರು. ಬಿದ್ದ ನೀರು ತಳಕ್ಕೆ ಹೋಗುತ್ತದೆ, ಮೇಲಿನ ನೀರು ಗೋಡೆಯ ಕಡೆಗೇ ತಿರುಗಿ ಬರುತ್ತದೆ. ಅದರಲ್ಲಿ ಸಿಕ್ಕವನಿಗೆ ಈಜು ಬಂದರೂ ಅಷ್ಟೆ, ಜಾಕೆಟ್ ಇದ್ದರೂ ಅಷ್ಟೆ. ನಿನ್ನೆ ಕಂಬ ಹಿಡಿದಿದ್ದ ಗಂಡ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದರು. ಇಬ್ಬರೂ ಮಾತಾಡಲಿಲ್ಲ.

ಅದೇ ಹೊತ್ತಿಗೆ ಕ್ಯಾಂಪಿನ ಹುಡುಗ ಬಂದು ಕೇಳಿದ: "ಸರ್, ಬೆಳಗಿನ ಕಯಾಕಿಂಗ್ ಐತಲ್ರಿ? ನೀರ ಜಾಸ್ತಿ ಆಗ್ಯಾವು, ಭಾಳ ಮಜಾ ಬರತೈತಿ."

ನೀವು ಹೋಗುವವರಿದ್ದರೆ ನನ್ನದಿಷ್ಟು ಕೇಳಿ. ದುಡ್ಡು ಹಾಕುವ ಮುಂಚೆ ಒಬ್ಬರಾದರೂ ಹೋಗಿ ಆ ಊರಿನ ಚಹಾ ಅಂಗಡಿಯಲ್ಲಿ ಕೂತು ಬನ್ನಿ. ಗೇಟು ಯಾರು ತೆಗೆಯುತ್ತಾರೆ, ಈ ವಾರ ನೀರು ಬಿಡುತ್ತಾರೋ ಇಲ್ಲವೋ ಅಂತ ಅಲ್ಲಿಯೇ ತಿಳಿಯುತ್ತದೆ. ಪಂಚಾಯ್ತಿಯಲ್ಲೂ ನೀರಾವರಿ ಕಚೇರಿಯಲ್ಲೂ ಕೇಳಿ. ಹೊಳೆಯೊಳಗಿನ ಉಸುಕು ಎಷ್ಟೇ ಮೆತ್ತಗಿರಲಿ, ಅದರ ಮೇಲೆ ಮಲಗಬೇಡಿ. ಜಾಲಿ ಗಿಡಗಳ ಆಚೆ, ದಂಡೆಯ ಮೇಲೆ ಹಾಕಿ. ಕಾರು ಇರುವ ಬದಿಗೂ ಟೆಂಟಿಗೂ ನಡುವೆ ಯಾವ ತಗ್ಗೂ ಇರಬಾರದು. ಮಲಗುವ ಮುಂಚೆ ನೀರಿನಂಚಿಗೆ ಒಂದು ಕೋಲು ಚುಚ್ಚಿ, ಒಬ್ಬರಾದ ಮೇಲೊಬ್ಬರು ಎದ್ದು ನೋಡಿ. ಉಸುಕು ತೋಡಿದ ಗುಂಡಿಗಳು ಎಲ್ಲಿವೆ ಅಂತ ಕೇಳದೆ ಮಕ್ಕಳನ್ನು ಮೊಣಕಾಲ ನೀರಿಗೂ ಇಳಿಸಬೇಡಿ, ಒಂದು ಹೆಜ್ಜೆ ಆಚೆ ಆಳು ಮುಳುಗುತ್ತದೆ. ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಾದ ಮೇಲೆ ಹುಟ್ಟು ಮುಟ್ಟಲೇಬೇಡಿ. ಸಿಡಿಲಿನ ಸೂಚನೆ ಕೊಡುವ ದಾಮಿನಿ ಆ್ಯಪ್ ಈಗ ನನ್ನ ಫೋನಿನಲ್ಲಿದೆ, ಅಂದು ಇರಲಿಲ್ಲ.

ಅಡ್ವಾನ್ಸ್ ವಾಪಸ್ ಕೇಳಿದೆ. ಕಯಾಕು ಮತ್ತು ಎರಡು ಟೆಂಟಿನ ಲೆಕ್ಕದಲ್ಲಿ ಮುರಿದುಕೊಂಡಿದ್ದಾನಂತೆ, ಮೇಲೆ ನಾನೇ ನಾಲ್ಕು ಸಾವಿರ ಕೊಡಬೇಕಂತೆ. ಕೊಡುವುದಿಲ್ಲ. ದೂರು ಕೊಡಲು ಕಾಗದ ತಯಾರು ಮಾಡುತ್ತಿದ್ದೇನೆ, ಅದು ಬೇರೆ ಕಥೆ.

ಇವತ್ತೇ ಕೂತು ಬರೆದದ್ದು ಏಕೆಂದರೆ ನಿನ್ನೆ ಅವನ ಹೊಸ ಜಾಹೀರಾತು ಬಂದಿದೆ, ಮುಂದಿನ ಶನಿವಾರದ ಬುಕಿಂಗಿಗೆ. ಅದೇ ದಿಬ್ಬ, ಅದೇ ಟೆಂಟು. ಫೋಟೋದಲ್ಲಿ ನಮ್ಮ ಮಕ್ಕಳೇ ನಗುತ್ತಾ ನಿಂತಿದ್ದಾರೆ, ಒಂದು ಮಾತು ಕೇಳದೆ ಹಾಕಿದ್ದಾನೆ. ಹಿಗ್ಗಿಸಿ ನೋಡಿದರೆ ಎಡಗಡೆಯ ಹುಡುಗನ ಜಾಕೆಟ್ಟಿಗೆ ಕಟ್ಟಿದ ಸುತಳಿ ಕಾಣುತ್ತದೆ. ಅವನ ಹಿಂದೆ, ದಂಡೆಯ ಮೇಲೆ ಇಬ್ಬರು ಬಗ್ಗಿ ಹಗ್ಗ ಎಳೆಯುತ್ತಿದ್ದಾರೆ.