‘ಇತರೆ’ ಎಂಬ ಕಪಾಟು: ದಾವಣಗೆರೆಯ ಒಂದು ಬಾಡಿಗೆ ಗ್ರಂಥಾಲಯ

ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಖಾಸಗಿ ಗ್ರಂಥಾಲಯವೊಂದು ಈಗಲೂ ನಡೆಯುತ್ತಿದೆ. ಎಂಟು ತಿಂಗಳಿಂದ ನಾನು ಅದರ ಸದಸ್ಯೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಹೇಳಲಿರುವ ತಕರಾರುಗಳಲ್ಲಿ ಅರ್ಧ ಪಾಲು ಆ ಗ್ರಂಥಾಲಯದ್ದಾದರೆ ಉಳಿದರ್ಧ ಅದರ ಕಪಾಟುಗಳಲ್ಲಿ ಕೂತಿರುವ ಕನ್ನಡ ಕಥೆ ಕಾದಂಬರಿಗಳದ್ದು, ಒಬ್ಬರೇ ಕೂತು ನಡೆಸುವ ಅಂಗಡಿಯ ತಲೆಯ ಮೇಲೆ ಎರಡನ್ನೂ ಹೊರಿಸುವುದು ನ್ಯಾಯವಲ್ಲ.

ಮೊದಲು ವ್ಯವಹಾರದ ಮಾತು. ಠೇವಣಿ 500 ರೂಪಾಯಿ, ತಿಂಗಳ ಚಂದಾ 120 ರೂಪಾಯಿ, ಒಮ್ಮೆಗೆ 3 ಪುಸ್ತಕ, 15 ದಿನದ ಗಡುವು, ತಡವಾದರೆ ದಿನಕ್ಕೆ 2 ರೂಪಾಯಿ ದಂಡ. ಬೆಳಿಗ್ಗೆ 10ರಿಂದ 1.30ರವರೆಗೆ, ಸಂಜೆ 5ರಿಂದ 8.30ರವರೆಗೆ ಬಾಗಿಲು ತೆರೆದಿರುತ್ತದೆ. ಮೆಟ್ಟಿಲು ಕಡಿದಾಗಿದೆ; ಮಂಡಿನೋವಿನವರು ಕೆಳಗೆ ನಿಂತು ಫೋನ್ ಮಾಡಿದರೆ ಯಜಮಾನರು ಪುಸ್ತಕಗಳನ್ನು ಕೈಚೀಲಕ್ಕೆ ತುಂಬಿ, ಹಗ್ಗ ಕಟ್ಟಿ, ಕಿಟಕಿಯಿಂದ ಇಳಿಸಿಕೊಡುತ್ತಾರೆ. ಪ್ರತಿ ಪುಸ್ತಕಕ್ಕೂ ಕಂದು ಕಾಗದದ ಹೊದಿಕೆ, ಬೆನ್ನಿಗೆ ಸಂಖ್ಯೆ, ಹಿಂಬದಿಯಲ್ಲಿ ದಿನಾಂಕದ ಚೀಟಿ ಇದೆ. ಕೆಲವು ಪುಟಗಳಿಗೆ ಮಿರ್ಚಿಯ ಎಣ್ಣೆ ಹತ್ತಿರುವುದನ್ನು ಮಂಡಕ್ಕಿಯ ಊರಿನಲ್ಲಿ ದೂರೆಂದು ಎತ್ತುವುದು ಸರಿಯಲ್ಲ.

ಬಾಗಿಲಿಗೆ ಎದುರಾಗಿಯೇ ‘ನಮ್ಮ ದುರ್ಗ’ ಎಂಬ ಚೀಟಿ ಅಂಟಿಸಿದ ಕಪಾಟು ಇದೆ. 1997ರವರೆಗೆ ನಾವು ಚಿತ್ರದುರ್ಗ ಜಿಲ್ಲೆಯವರೇ ಆಗಿದ್ದುದರಿಂದ ಈ ‘ನಮ್ಮ’ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ತಳುಕಿನ ತ.ರಾ.ಸು. ಅವರ ಕಾದಂಬರಿಗಳು ಇಲ್ಲಿ ಸಾಲಾಗಿ ನಿಂತಿವೆ, ಒಂದೊಂದರ ಎರಡು ಮೂರು ಪ್ರತಿಗಳೂ ಇವೆ. ಅದೇ ಕಪಾಟಿನ ಕೆಳಗಿನ ಅಂತಸ್ತಿನಲ್ಲಿ ಓಬವ್ವನ ಕುರಿತ ಸಣ್ಣಪುಟ್ಟ ಪುಸ್ತಕಗಳು, ಮಕ್ಕಳ ಚಿತ್ರಕಥೆಗಳು ಇವೆ. ಮೂರು ನಾಲ್ಕನ್ನು ಒಟ್ಟಿಗೆ ಮನೆಗೆ ಒಯ್ದು ಓದಿದೆ. ಕಥೆ ಎಲ್ಲರಿಗೂ ಗೊತ್ತಿರುವುದೇ: ಕಾವಲುಗಾರ ಗಂಡ ಊಟಕ್ಕೆ ಕೂತಾಗ ನೀರಿಗೆಂದು ಹೊರಟ ಹೆಂಗಸು ಕಿಂಡಿಯಲ್ಲಿ ಹೈದರಾಲಿಯ ಸೈನಿಕರನ್ನು ಕಾಣುತ್ತಾಳೆ, ಒನಕೆ ಎತ್ತಿಕೊಳ್ಳುತ್ತಾಳೆ. ಎಲ್ಲ ಪುಸ್ತಕಗಳಲ್ಲಿಯೂ ಅವಳು ಹುಟ್ಟುವುದು ಒನಕೆ ಕೈಗೆ ಬಂದಾಗ, ಮುಗಿಯುವುದು ಒನಕೆ ಕೆಳಗೆ ಬಿದ್ದಾಗ. ಅದಕ್ಕೆ ಹಿಂದಿನ ದಿನ ಅವಳು ಯಾರೊಡನೆ ಜಗಳವಾಡಿದಳು, ಆ ಬಂಡೆಗಳ ನಡುವಿನ ಬದುಕು ಅವಳಿಗೆ ಬೇಸರ ತರಿಸಿತ್ತೇ ಎಂದು ಕೇಳಿದ ಲೇಖಕ ಈ ಕಪಾಟಿನಲ್ಲಿ ಒಬ್ಬನೂ ಸಿಗಲಿಲ್ಲ. ಪೂಜೆಗೆ ನಿಂತ ಹೆಣ್ಣಿಗೆ ಬೇಸರಪಡುವ ಸ್ವಾತಂತ್ರ್ಯ ಇರುವುದಿಲ್ಲವೆಂದು ಕಾಣುತ್ತದೆ.

ಎಡಗಡೆಯ ಗೋಡೆಯ ಚೀಟಿಯಲ್ಲಿ ‘ಮಹಿಳಾ ಸಾಹಿತ್ಯ’ ಎಂದಿದೆ. ನನ್ನ ಮೊದಲ ತಕರಾರು ಇಲ್ಲಿ. ತ್ರಿವೇಣಿಯವರ ಕಾದಂಬರಿಗಳ ಪಕ್ಕದಲ್ಲಿ ಉಪ್ಪಿನಕಾಯಿ ವಿಧಾನ, ಅದರ ಪಕ್ಕದಲ್ಲಿ ಎಂ.ಕೆ. ಇಂದಿರಾ, ಅದಾದ ಮೇಲೆ ರಂಗೋಲಿ ಪುಸ್ತಕ, ಆಮೇಲೆ ಗರ್ಭಿಣಿಯ ಆಹಾರ. ಗಂಡಸರು ಬರೆದ ಕಾದಂಬರಿಗಳಿಗೆ ‘ಕಾದಂಬರಿ’ ಎಂಬ ಬೇರೆಯೇ ಗೋಡೆ ಇದೆ. ಬಾಣಂತಿತನದ ಹೊತ್ತಿನಲ್ಲಿ ಮನಸ್ಸು ಕದಡಿ, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಮರಳಿದ ಹೆಂಗಸನ್ನು ಮನೆಯವರೇ ಹೇಗೆ ಮತ್ತೆ ಹುಚ್ಚಿನ ಕಡೆಗೆ ನೂಕುತ್ತಾರೆ ಎಂಬುದನ್ನು ‘ಶರಪಂಜರ’ದಲ್ಲಿ ಬರೆದ ತ್ರಿವೇಣಿಯವರು ಬದುಕಿದ್ದು 1928ರಿಂದ 1963ರವರೆಗೆ ಮಾತ್ರ, ಆ ವಯಸ್ಸಿನಲ್ಲಿ ಅಷ್ಟು ಬರೆದವರನ್ನು ಉಪ್ಪಿನಕಾಯಿಯ ಪಕ್ಕ ಕೂರಿಸುವುದು ಕೈತಪ್ಪಿನಿಂದ ಆದದ್ದಾದರೂ ಅದರಲ್ಲೊಂದು ತೀರ್ಪು ಇದ್ದೇ ಇದೆ. ಇಷ್ಟು ಹೇಳಿದ ಮೇಲೆ, ಈ ಗೋಡೆಯಷ್ಟು ಓದಿಸಿಕೊಳ್ಳುವ ಗೋಡೆ ಇಲ್ಲಿ ಇನ್ನೊಂದಿಲ್ಲ ಎಂಬುದನ್ನೂ ಹೇಳಬೇಕು. ಎಂ.ಕೆ. ಇಂದಿರಾ ಅವರ 1976ರ ಕಾದಂಬರಿ ‘ಫಣಿಯಮ್ಮ’ದ ಪ್ರತಿಗೆ ದಿನಾಂಕದ ಚೀಟಿ ತುಂಬಿ ಎರಡನೆಯದನ್ನು ಅಂಟಿಸಿದ್ದಾರೆ, ಎರಡನೆಯದೂ ಕೊನೆಯ ಸಾಲಿಗೆ ಬಂದಿದೆ. ಬಾಲವಿಧವೆಯಾದ ಫಣಿಯಮ್ಮ ಏನನ್ನೂ ಕೂಗಿ ಹೇಳುವವಳಲ್ಲ. ಅವಳ ದಿನಗಳು ಅಡುಗೆ, ಮಡಿ, ಹೆರಿಗೆಮನೆಗಳಲ್ಲಿ ಒಂದರ ಹಿಂದೆ ಒಂದು ಸರಿಯುತ್ತವೆ, ಆ ದಿನಗಳನ್ನು ಎಣಿಸುತ್ತಲೇ ಓದುವವರಿಗೆ ಸಿಟ್ಟು ಬರುತ್ತದೆ. ಹೆಣ್ಣನ್ನು ದಿನಚರಿಯಲ್ಲಿ ಹಿಡಿಯುವ ಈ ವಿದ್ಯೆ ನಮ್ಮ ಲೇಖಕಿಯರಿಂದ ಬಂದದ್ದು. ಗುಲ್ವಾಡಿ ವೆಂಕಟರಾಯರ 1899ರ ‘ಇಂದಿರಾಬಾಯಿ’ಯಿಂದ ಹಿಡಿದು ಗಂಡಸರು ಬರೆದ ಎಷ್ಟೋ ಕಾದಂಬರಿಗಳಲ್ಲಿ ಹೆಣ್ಣು ಒಂದು ಪ್ರಶ್ನೆಯ ಗುರುತಾಗಿ ನಿಲ್ಲುತ್ತಾಳೆ, ವಿಧವೆಯ ಪ್ರಶ್ನೆ, ವರದಕ್ಷಿಣೆಯ ಪ್ರಶ್ನೆ, ಓದಿದ ಹುಡುಗಿಯ ಪ್ರಶ್ನೆ. ಪ್ರಶ್ನೆಗೆ ಹಸಿವಾಗುವುದಿಲ್ಲ, ಹೊಟ್ಟೆಕಿಚ್ಚೂ ಆಗುವುದಿಲ್ಲ.

ದಸರಾ ಕಳೆದ ಮೇಲೆ ಒಂದು ಸಂಜೆ ನಾನು ಯಜಮಾನರನ್ನು, ಟ್ರಾನ್ಸ್ ಮಹಿಳೆಯೊಬ್ಬಳು ಪಾತ್ರವಾಗಿ ಬರುವ ಕನ್ನಡ ಕಾದಂಬರಿ ಏನಾದರೂ ಇದೆಯೇ ಎಂದು ಕೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಮಂಗಳಮುಖಿಯರು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಸ್ವಲ್ಪ ಹೊತ್ತು ಯೋಚಿಸಿದರು, ಆಮೇಲೆ ನನ್ನನ್ನು ಹಿಂಭಾಗದ ಶೌಚಾಲಯದ ಬಾಗಿಲ ಪಕ್ಕದ ಕಪಾಟಿಗೆ ಕರೆದೊಯ್ದರು. ಅದರ ಚೀಟಿಯಲ್ಲಿ ‘ಇತರೆ’ ಎಂದಿತ್ತು. ಪಂಚಾಂಗ, ಮನೆಮದ್ದು, ಕನಸಿನ ಫಲ, ವಾಸ್ತು, ಇವುಗಳ ನಡುವೆ ಎರಡು ಪುಸ್ತಕ. ಒಂದು, ರೇವತಿಯವರ ‘ಬದುಕು ಬಯಲು’, ದು. ಸರಸ್ವತಿಯವರ ಕನ್ನಡದಲ್ಲಿ. ಇನ್ನೊಂದು, ಅರುಣ್ ಜೋಳದಕೂಡ್ಲಿಗಿ ನಿರೂಪಿಸಿರುವ ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’. ಎರಡೂ ಒಳ್ಳೆಯ ಪುಸ್ತಕಗಳೇ. ಆದರೆ ನಾನು ಕೇಳಿದ್ದು ಕಾದಂಬರಿ, ಕೈಗೆ ಬಂದದ್ದು ಆತ್ಮಕಥೆ. ಅರ್ಜಿ ನಮೂನೆಗಳಲ್ಲಿ ಗಂಡು, ಹೆಣ್ಣು ಎಂಬ ಎರಡು ಚೌಕಗಳಾದ ಮೇಲೆ ಬರುವ ಮೂರನೆಯ ಚೌಕದ ಪದವೇ ಆ ಕಪಾಟಿನ ಮೇಲಿತ್ತು ಎಂಬುದು ನನಗೆ ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಡುವಾಗ.

ಕಾದಂಬರಿ ಸಿಗಲೇ ಇಲ್ಲವೆಂದಲ್ಲ. ಮರುವಾರ ಯಜಮಾನರು ತಾವಾಗಿಯೇ ಹಳೆಯದೊಂದು ಪತ್ತೇದಾರಿ ಪಾಕೆಟ್ ಕಾದಂಬರಿಯನ್ನು ತೆಗೆದಿಟ್ಟಿದ್ದರು. ಮುಖಪುಟ ಕಿತ್ತುಹೋಗಿದೆ, ಅಚ್ಚಾದ ವರ್ಷ ತಿಳಿಯುವಂತಿಲ್ಲ. ಅದರಲ್ಲಿ ರೈಲ್ವೆ ನಿಲ್ದಾಣದಲ್ಲಿ ಸೀರೆಯುಟ್ಟ ಒಬ್ಬಳು ಬರುತ್ತಾಳೆ. ಮೊದಲ ಪುಟದಲ್ಲಿ ಅವಳು ‘ಬಂದಳು’, ‘ನಕ್ಕಳು’. ನಾಯಕನಿಗೆ ಅವಳ ಗಂಟಲು ಗಡಸೆಂದು ಗೊತ್ತಾದ ಕೂಡಲೇ ‘ಚಪ್ಪಾಳೆ ತಟ್ಟಿದ’, ‘ಕೈ ಚಾಚಿದ’ ಎಂದಾಗುತ್ತದೆ. ಪೊಲೀಸರು ಬಂದು ಹಿಡಿದಾಗ ‘ಅದು ಒದ್ದಾಡಿತು’, ‘ಅದು ಕಿರುಚಿತು’. ಮೂರೇ ಪುಟಗಳಲ್ಲಿ ಒಬ್ಬ ಮನುಷ್ಯಳನ್ನು ಮೂರು ಲಿಂಗಗಳಲ್ಲಿ ಉರುಳಿಸಿ ಹೊರಗೆ ಹಾಕಿದ್ದಾರೆ. ಆದರೆ ನನ್ನ ಕಣ್ಣು ನಿಂತದ್ದು ಬೇರೆಡೆ. ನನಗಿಂತ ಮೊದಲು ಓದಿದ ಯಾರೋ ಒಬ್ಬರು ಸೀಸದ ಕಡ್ಡಿಯಿಂದ ಪ್ರತಿಯೊಂದು ‘ತು’ವನ್ನೂ ಹೊಡೆದು, ಮೇಲೆ ಸಣ್ಣದಾಗಿ ‘ದಳು’ ಎಂದು ಬರೆದಿದ್ದರು. ಒದ್ದಾಡಿದಳು. ಕಿರುಚಿದಳು. ‘ಅದು’ ಎಂಬುದರ ಮೇಲೆ ‘ಅವಳು’. ಬೇರೆ ಟಿಪ್ಪಣಿ ಇಲ್ಲ, ಉದ್ಗಾರವಿಲ್ಲ, ಬೈಗುಳವಿಲ್ಲ. ಕರಡು ತಿದ್ದುವವರ ತಾಳ್ಮೆ. ಒಂದು ಕಡೆ ‘ತು’ ತಪ್ಪಿಹೋಗಿತ್ತು. ಎರಡು ಸಾಲು ಮುಂದೆ ಹೋದವರು ಮರಳಿ ಬಂದು ತಿದ್ದಿದ್ದರೆಂದು ಕಾಣುತ್ತದೆ, ಅಲ್ಲಿ ಗೆರೆ ಹೆಚ್ಚು ಒತ್ತಿ ಬಿದ್ದಿದೆ.

ಈ ತಿದ್ದುಪಡಿ ಕನ್ನಡದಲ್ಲಿ ಮಾತ್ರ ಸಾಧ್ಯವೆಂದು ಹೇಳಲಾರೆ, ಆದರೆ ಕನ್ನಡದಲ್ಲಿ ಇದು ತಪ್ಪಿಸಿಕೊಳ್ಳಲಾಗದ ಕೆಲಸ. ನಮ್ಮ ಕ್ರಿಯಾಪದ ಲಿಂಗವನ್ನು ಬಾಲದಲ್ಲಿ ಹೊತ್ತುಕೊಂಡೇ ನಡೆಯುತ್ತದೆ. ಪಾತ್ರವೊಂದು ಬಾಗಿಲು ತೆರೆದರೂ, ನೀರು ಕುಡಿದರೂ, ಸೀನಿದರೂ, ಗೌರವದ ‘ಅವರು’ ಬಳಸದ ಹೊರತು, ಲೇಖಕ ಅದರ ಲಿಂಗದ ಬಗ್ಗೆ ಮತ್ತೊಮ್ಮೆ ಸಾಕ್ಷಿ ಹೇಳಬೇಕು. ಮೂರನೆಯದಕ್ಕೆ ಶಾಲೆಯ ವ್ಯಾಕರಣ ಇಟ್ಟ ಹೆಸರೇ ನಪುಂಸಕಲಿಂಗ: ಕಲ್ಲು, ಮರ, ನಾಯಿಗಳ ಸಾಲಿಗೆ ಮನುಷ್ಯರನ್ನು ಹೀಯಾಳಿಸುವ ಪದವೇ ಶೀರ್ಷಿಕೆ. ಹೆಣ್ಣನ್ನೂ ಅದು ಬಿಟ್ಟಿಲ್ಲ. ನಮ್ಮ ಕಡೆ ಮಗಳನ್ನು, ಸೊಸೆಯನ್ನು ‘ಅದು ಬಂತು’, ‘ಅದಕ್ಕೆ ಉಣ್ಣಾಕೆ ಕೊಡು’ ಎನ್ನುವುದು ವಾಡಿಕೆ. ಅದರಲ್ಲಿ ಅಕ್ಕರೆ ಎಷ್ಟು, ಅಸಡ್ಡೆ ಎಷ್ಟು ಎಂಬುದು ಹೇಳುವವರ ದನಿಯ ಮೇಲೆ ನಿಂತಿದೆ. ಅಕ್ಕರೆಯ ‘ಅದು’ ಹೆಣ್ಣುಮಗುವಿಗೆ, ಹೇಸಿಗೆಯ ‘ಅದು’ ಮಂಗಳಮುಖಿಗೆ ಎಂದು ನಮ್ಮ ಕಥೆಗಾರರು ಸದ್ದಿಲ್ಲದೆ ಹಂಚಿಕೊಂಡಂತಿದೆ.

ಆತ್ಮಕಥೆಗಳು ಏಕೆ ಗಟ್ಟಿಯಾಗಿ ನಿಂತವು ಎಂಬುದಕ್ಕೂ ಇಲ್ಲೇ ಒಂದು ಕಾರಣ ಕಾಣುತ್ತದೆ. ‘ನಾನು ಬಂದೆ’ ಎನ್ನುವಾಗ ಕನ್ನಡ ಲಿಂಗವನ್ನು ಕೇಳುವುದಿಲ್ಲ. ‘ನೀನು ಬಂದೆ’ ಎನ್ನುವಾಗಲೂ ಕೇಳುವುದಿಲ್ಲ. ಕೇಳುವುದು ಮೂರನೆಯವರ ಬಗ್ಗೆ ಮಾತನಾಡುವಾಗ ಮಾತ್ರ, ಅಂದರೆ ಆ ಮನುಷ್ಯರ ಬೆನ್ನ ಹಿಂದೆ. ಆತ್ಮಕಥೆ ಬರೆದವರು ‘ನಾನು’ ಎಂಬುದರೊಳಗೆ ತಮ್ಮ ಬದುಕನ್ನು ತಮಗೆ ಬೇಕಾದಂತೆ ಹೇಳಿಕೊಂಡರು. ಕಾದಂಬರಿಕಾರ ಮೊದಲ ವಾಕ್ಯದಲ್ಲೇ ಎಡವಿದ. ‘ನಾನು ಅವನಲ್ಲ... ಅವಳು’ ಎಂಬ 2015ರ ಚಲನಚಿತ್ರದ ಹೆಸರು ಇಡೀ ಜಗಳವನ್ನು ಮೂರು ಸರ್ವನಾಮಗಳಲ್ಲಿ ಮುಗಿಸಿತ್ತು. ಆ ಚಿತ್ರಕ್ಕೂ ಆಧಾರ ಆತ್ಮಕಥೆಯೇ, ಲಿವಿಂಗ್ ಸ್ಮೈಲ್ ವಿದ್ಯಾ ಅವರದು. ಅದರಲ್ಲಿನ ಅಭಿನಯಕ್ಕಾಗಿ ಸಂಚಾರಿ ವಿಜಯ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು; ಪ್ರಶಸ್ತಿ ಯೋಗ್ಯವಾದದ್ದೇ, ಆದರೂ ‘ಅವನಲ್ಲ’ ಎಂದು ಚಿತ್ರದುದ್ದಕ್ಕೂ ಹೇಳಿದ ಪಾತ್ರವನ್ನು ಒಬ್ಬ ಗಂಡಸು ವಹಿಸಬೇಕಾಯಿತಲ್ಲ ಎಂಬ ಮುಜುಗರ ನನ್ನನ್ನು ಬಿಟ್ಟಿಲ್ಲ. ವಿದ್ಯಾ ಮತ್ತು ರೇವತಿ ಇಬ್ಬರೂ ತಮಿಳಿನಲ್ಲಿ ಬರೆದವರು. ನೆರೆಯ ಭಾಷೆಯಿಂದ ಎರವಲು ತಂದಾದರೂ ಓದಿದೆವು ಎಂದು ಸಮಾಧಾನಪಡಬಹುದು.

ಮಂಜಮ್ಮನವರ ಪುಸ್ತಕ ಎರವಲಲ್ಲ, ನಮ್ಮ ನೆಲದ್ದೇ. ಅದರ ಹೆಸರು ಜೇಡರ ದಾಸಿಮಯ್ಯನ ವಚನದ ಕಡೆಗೆ ತಿರುಗಿ ನೋಡುತ್ತದೆ. ಅಲ್ಲಿ ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ. ಇಲ್ಲಿ ನಡುವೆ ಸುಳಿಯುವುದು ಹೆಣ್ಣು. ಒಂದು ಪದದ ಪಲ್ಲಟದಲ್ಲಿ, ಆತ್ಮಕ್ಕೆ ಲಿಂಗವಿಲ್ಲ ಎಂಬ ಅಧ್ಯಾತ್ಮದ ಮಾತಿಗೆ ‘ಇರಬಹುದು, ಆದರೆ ನಾನು ಹೆಣ್ಣು’ ಎಂಬ ಉತ್ತರ ಸಿಕ್ಕಿದೆ. ಮನೆ ಬಿಟ್ಟು, ಬೇಡಿ ಬದುಕುತ್ತಿದ್ದ ಕಾಲದಲ್ಲಿ ಅವರು ಒಬ್ಬ ತಂದೆ ಹಾಡುತ್ತಿರಲು ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನು ಕಂಡದ್ದು ನಮ್ಮ ದಾವಣಗೆರೆಯ ಬಸ್ ನಿಲ್ದಾಣದಲ್ಲಿ. ಜೋಗತಿ ಕುಣಿತದ ಕಡೆಗೆ ಅವರು ತಿರುಗಿದ್ದು ಅಲ್ಲಿಂದ. ಮುಂದೆ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆ ನಿಲ್ದಾಣದಲ್ಲಿ ನಾನು ಎಷ್ಟು ಸಲ ಹರಿಹರದ ಬಸ್ಸಿಗೆ ಕಾದಿದ್ದೇನೋ ಲೆಕ್ಕವಿಲ್ಲ. ಆತ್ಮಕಥೆಯಲ್ಲಿ ಬಂದ ಆ ಗಳಿಗೆ ನಮ್ಮ ಊರಿನ ಕಥೆಗಾರರ ಕಣ್ಣಿಗೆ ಏಕೆ ಬೀಳಲಿಲ್ಲ?

ಬಿದ್ದರೂ ಏನು ಬರೆಯುತ್ತಿದ್ದರು ಎಂಬ ಅನುಮಾನ ಉಂಟು. ನಮಗೆ ಒಗ್ಗಿರುವುದು ಬೃಹನ್ನಳೆಯ ಮಾದರಿ: ಒಂದು ವರ್ಷದ ಶಾಪ, ಒಂದು ವರ್ಷದ ವೇಷ, ಕೊನೆಗೆ ಬಿಲ್ಲು ಕೈಗೆ ಬಂದಾಗ ಒಳಗಿನ ಅರ್ಜುನ ಹೊರಗೆ. ಸೀರೆ ಸುಳ್ಳು, ಗಂಡಸು ನಿಜ ಎಂಬ ಈ ಚೌಕಟ್ಟನ್ನು ಪಾಕೆಟ್ ಕಾದಂಬರಿಯವರೂ ಎತ್ತಿಕೊಂಡರು. ಗಾಂಡೀವದ ಜಾಗಕ್ಕೆ ಗಡಸು ಗಂಟಲು ಬಂತು. ಸಹಾನುಭೂತಿಯಿಂದ ಬರೆಯುವವರದು ಇನ್ನೊಂದು ಚೌಕಟ್ಟು. ಅಲ್ಲಿ ಅವಳಿಗೆ ರಹಸ್ಯವಿದೆ, ಶಸ್ತ್ರಚಿಕಿತ್ಸೆಯಿದೆ, ಕಣ್ಣೀರಿದೆ, ಕೊನೆಯ ಅಧ್ಯಾಯದಲ್ಲಿ ಸಾವಿದೆ. ಬೆಳಿಗ್ಗೆ ಎದ್ದು ಬೆಣ್ಣೆ ದೋಸೆ ತಿನ್ನಲು ಹೋಗಿ, ಬೆಣ್ಣೆ ಕಡಿಮೆಯಾಯಿತೆಂದು ಸಪ್ಲೈಯರ್ ಜೊತೆ ಜಗಳವಾಡಿ, ನೆಂಟರ ಮದುವೆಗೆ ಮುಯ್ಯಿ ಎಷ್ಟು ಹಾಕಬೇಕೆಂದು ಲೆಕ್ಕ ಹಾಕುವ ಟ್ರಾನ್ಸ್ ಮಹಿಳೆ ಇಲ್ಲ. ಎಂ.ಕೆ. ಇಂದಿರಾ ಫಣಿಯಮ್ಮನಿಗೆ ಕೊಟ್ಟ ದಿನಚರಿಯನ್ನು ಇವಳಿಗೆ ಯಾರೂ ಕೊಟ್ಟಿಲ್ಲ. ತನ್ನ ಲಿಂಗವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲಿಯೇ ಒಪ್ಪಿತು; ಈ ಕಪಾಟುಗಳ ಮಟ್ಟಿಗೆ ನಮ್ಮ ಕಾದಂಬರಿಯ ಮೂರನೆಯ ಪುರುಷ ಇನ್ನೂ ಒಪ್ಪಿದಂತಿಲ್ಲ. ‘ಪುರುಷ’ ಎನ್ನದೆ ವ್ಯಾಕರಣವನ್ನೂ ಹೇಳಲಾಗುವುದಿಲ್ಲ ನೋಡಿ.

ಯಜಮಾನರ ಬಗ್ಗೆ ಒಂದು ಮಾತು. ‘ಇತರೆ’ಯ ಬಗ್ಗೆ ನಾನು ಆಕ್ಷೇಪ ಎತ್ತಿದಾಗ ಅವರು ಸಿಟ್ಟಾಗಲಿಲ್ಲ, ಎಲ್ಲಿಡಲಿ ನೀವೇ ಹೇಳಿ ಎಂದರು. ಮಹಿಳಾ ಸಾಹಿತ್ಯದಲ್ಲಿ ಎಂದೆ. ಆ ಗೋಡೆಯೇ ಸರಿಯಿಲ್ಲ ಎಂದು ಹೋದ ತಿಂಗಳು ಹೇಳಿದ್ದಿರಲ್ಲ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಈಗ ಅವೆರಡು ಪುಸ್ತಕಗಳು ಅವರ ಮೇಜಿನ ಮೇಲೆ, ರಸೀದಿ ಪುಸ್ತಕದ ಪಕ್ಕದಲ್ಲಿವೆ. ಬಂದವರೆಲ್ಲ ಕೈಯಾಡಿಸುತ್ತಾರಂತೆ, ‘ಬದುಕು ಬಯಲು’ ಎರಡು ಸಲ ಹೊರಗೆ ಹೋಗಿ ಬಂದಿದೆ. ಉಪ್ಪಿನಕಾಯಿ ಮಾತ್ರ ಇನ್ನೂ ತ್ರಿವೇಣಿಯವರ ಪಕ್ಕದಲ್ಲಿಯೇ ಇದೆ.

ಪತ್ತೇದಾರಿ ಕಾದಂಬರಿಯನ್ನು ಕಳೆದ ಶನಿವಾರ ಹಿಂದಿರುಗಿಸಿದೆ. ಯಜಮಾನರು ವಾಡಿಕೆಯಂತೆ ಪುಟ ತಿರುವಿ ನೋಡುವಾಗ ಸೀಸದ ಕಡ್ಡಿಯ ಗುರುತುಗಳು ಕಂಡವು. ಪುಸ್ತಕದಲ್ಲಿ ಬರೆಯಬಾರದೆಂಬುದು ಗೋಡೆಯ ಮೇಲೆಯೇ ಇರುವ ನಿಯಮ, ದಂಡ 20 ರೂಪಾಯಿ. ಅವರು ಡ್ರಾಯರಿನಿಂದ ರಬ್ಬರ್ ತೆಗೆದರು. ದಂಡ ಕೊಡುತ್ತೇನೆ, ಅಳಿಸಬೇಡಿ ಎಂದೆ. ಅವರು ನನ್ನನ್ನೊಮ್ಮೆ, ಪುಟವನ್ನೊಮ್ಮೆ ನೋಡಿ, ರಬ್ಬರನ್ನು ಒಳಗಿಟ್ಟು, ನನ್ನ ಹೆಸರಿಗೆ ರಸೀದಿ ಹರಿದುಕೊಟ್ಟರು. ‘ಪುಸ್ತಕದಲ್ಲಿ ತಿದ್ದಿದ್ದಕ್ಕೆ’ ಎಂದು ಬರೆದಿದ್ದರು.